ಸೆಲ್ಫ್ ಹೊಡೆಯುತ್ತದೆ, ಗಾಡಿ ಚಾಲೂ ಆಗಲ್ಲ: ರಿಮೋಟ್ ಚಾವಿ ಬಗ್ಗೆ ಆಟೋ ಎಲೆಕ್ಟ್ರಿಷಿಯನ್‌ಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಧಾರವಾಡ, ಸಪ್ತಾಪುರದಿಂದ): ನಮಸ್ಕಾರ ಅಣ್ಣಾರೆ. ನಮ್ಮದು ಹಳೆಯ ಪೆಟ್ರೋಲ್ ಕಾರು, ಚಾವಿ ತಿರುಗಿಸಿ ಚಾಲೂ ಮಾಡುವಂಥದ್ದು. ಚಾವಿಯ ಕವರ್ ಒಡೆದು ಬಟನ್ ಕಿತ್ತು ಬಂದಿತ್ತು. ಒಂದು ಅಂಗಡಿಯಲ್ಲಿ ಹೊಸ ಕವರ್ ಹಾಕಿಸಿದೆವು. ಈಗ ರಿಮೋಟ್ ಒತ್ತಿದರೆ ಬಾಗಿಲು ತೆರೆಯುತ್ತದೆ. ಆದರೆ ಸೆಲ್ಫ್ ಹೊಡೆದರೆ ಇಂಜಿನ್ ಒಂದು ಕ್ಷಣ ಹಿಡಿದು ಬಂದ್ ಆಗುತ್ತದೆ. ಮೀಟರ್‌ನಲ್ಲಿ ಕಾರು-ಚಾವಿ ಚಿತ್ರದ ಲೈಟ್ ಮಿಣುಕುತ್ತಿದೆ. ಮೆಕ್ಯಾನಿಕ್ ಫ್ಯೂಲ್ ಪಂಪ್ ಹೋಗಿದೆ, ಬದಲಿಸಬೇಕು ಅನ್ನುತ್ತಿದ್ದಾರೆ. ಬದಲಿಸಲಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ ಗೋಕುಲ ರೋಡ್): ಅಕ್ಕಾರೆ, ಪಂಪಿಗೆ ಇನ್ನೂ ಕೈ ಹಾಕಬೇಡಿ. ಮೊದಲು ಹಳೆಯ ಕವರ್ ಎಲ್ಲಿದೆ ನೋಡಿ. ಕಸಕ್ಕೆ ಹಾಕಿಲ್ಲ ತಾನೆ?

ನಿಮ್ಮ ಚಾವಿಯೊಳಗೆ ಎರಡು ಬೇರೆ ಬೇರೆ ಸಾಮಾನುಗಳಿವೆ. ಒಂದು ರಿಮೋಟ್. ಅದಕ್ಕೆ ಸೆಲ್ ಬೇಕು, ಬಟನ್ ಬೇಕು, ಬಾಗಿಲು ತೆರೆದು ಮುಚ್ಚುವುದಷ್ಟೇ ಅದರ ಕೆಲಸ. ಇನ್ನೊಂದು ಇಮೊಬಿಲೈಸರ್ ಚಿಪ್. ಅದಕ್ಕೆ ಸೆಲ್ ಬೇಕಿಲ್ಲ. ಚಾವಿ ತೂರಿಸುವ ಜಾಗದ ಸುತ್ತ, ಸ್ಟೀರಿಂಗ್ ಕವರ್‌ನ ಒಳಗೆ, ಬಳೆಯಂಥ ಒಂದು ಕಾಯಿಲ್ ಇರುತ್ತದೆ. ನೀವು ಇಗ್ನಿಷನ್ ಆನ್ ಮಾಡಿದ ಕೂಡಲೇ ಆ ಕಾಯಿಲ್ ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನ ಅಲೆ ಬಿಡುತ್ತದೆ. ಆ ಅಲೆಯಿಂದಲೇ ಚಿಪ್‌ಗೆ ಕರೆಂಟ್ ಸಿಗುತ್ತದೆ. ಚಿಪ್ ತನ್ನ ಗುರುತು ಹೇಳುತ್ತದೆ. ಗುರುತು ಸರಿ ಇದ್ದರೆ ಇಂಜಿನ್ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ, ಸ್ಪಾರ್ಕ್ ಕೊಡುತ್ತದೆ. ಗುರುತು ಸಿಗದಿದ್ದರೆ ಕೆಲವು ಗಾಡಿ ಹಿಡಿದು ಒಂದೆರಡು ಸೆಕೆಂಡಿಗೆ ನಿಲ್ಲುತ್ತದೆ. ಕೆಲವಕ್ಕೆ ಸೆಲ್ಫ್ ತಿರುಗುತ್ತದೆ ಆದರೆ ಇಂಜಿನ್ ಹಿಡಿಯಲ್ಲ. ಇನ್ನು ಕೆಲವಕ್ಕೆ ಸೆಲ್ಫೇ ಹೊಡೆಯಲ್ಲ.

ಕವರ್ ಬದಲಿಸುವಾಗ ಬೋರ್ಡ್ ತೆಗೆದು ಹೊಸದಕ್ಕೆ ಹಾಕುತ್ತಾರೆ, ಚಿಪ್ ಹಳೆಯ ಕವರ್‌ನಲ್ಲೇ ಉಳಿದುಬಿಡುತ್ತದೆ. ಕಪ್ಪು ಬಣ್ಣದ ಸಣ್ಣ ತುಂಡು, ಸುಮಾರು 12 ಮಿ.ಮೀ. ಉದ್ದ, 6 ಮಿ.ಮೀ. ಅಗಲ. ನೋಡಿದವರಿಗೆ ಪ್ಲಾಸ್ಟಿಕ್ ಚೂರು ಅನಿಸುತ್ತದೆ, ವೈರ್ ಇಲ್ಲ, ಬೆಸುಗೆ ಇಲ್ಲ. ಕೆಲವದರಲ್ಲಿ ಗಾಜಿನ ಸಣ್ಣ ಕೊಳವೆ ಇರುತ್ತದೆ. ಬ್ಲೇಡ್ ಕೂರುವ ತುದಿಯ ಹತ್ತಿರ, ಕವರ್‌ನ ಗೋಡೆಗೆ ಒತ್ತಿ ಕೂಡಿಸಿರುತ್ತಾರೆ.

ಪರೀಕ್ಷೆ ಸುಲಭ. ಹಳೆಯ ಕವರ್ ಅನ್ನು ಎಡಗೈಯಲ್ಲಿ ಹಿಡಿದು ಚಾವಿ ತೂರಿಸುವ ಜಾಗಕ್ಕೆ ಮುಟ್ಟುವ ಹಾಗೆ ಇಡಿ. ಬಲಗೈಯಿಂದ ಈಗಿನ ಚಾವಿ ತಿರುಗಿಸಿ. ಗಾಡಿ ಚಾಲೂ ಆಗಿ ಬಂದ್ ಆಗದೇ ಓಡುತ್ತಿದ್ದರೆ ಚಿಪ್ ಆ ಹಳೆಯ ಕವರ್‌ನಲ್ಲೇ ಇದೆ.

ಪ್ರಶ್ನೆ (ಸಪ್ತಾಪುರದವರೇ): ಅಣ್ಣಾರೆ, ಕವರ್ ಮೇಜಿನ ಖಾನೆಯಲ್ಲೇ ಇತ್ತು. ನೀವು ಹೇಳಿದ ಹಾಗೆ ಹಿಡಿದು ತಿರುಗಿಸಿದೆವು, ಗಾಡಿ ಚಾಲೂ ಆಯಿತು! ಕವರ್ ಒಳಗೆ ಕಪ್ಪು ತುಂಡು ಕಾಣುತ್ತಿದೆ, ಅಂಟಿಸಿದ ಹಾಗಿದೆ. ಚಾಕುವಿನಿಂದ ಎಬ್ಬಿಸಲಾ?

ಉತ್ತರ: ಬಹಳ ಸಂತೋಷ ಆಯಿತು. ಚಾಕು ಮಾತ್ರ ಬೇಡ. ಆ ಚಿಪ್ ಒಳಗಡೆ ಕೂದಲಿಗಿಂತ ಸಣ್ಣ ತಂತಿಯ ಸುರುಳಿ ಇರುತ್ತದೆ. ಬಿರುಕು ಬಿಟ್ಟರೆ ಮುಗಿಯಿತು, ಹೊಸ ಚಿಪ್ ಹಾಕಿ ಕೋಡಿಂಗ್, ಅಂದರೆ ಅದರ ಗುರುತನ್ನು ಗಾಡಿಯ ಮೆಮೊರಿಗೆ ಸೇರಿಸುವ ಕೆಲಸ, ಮಾಡಬೇಕಾಗುತ್ತದೆ. ಕವರ್ ಹೇಗೂ ಒಡೆದಿದೆಯಲ್ಲ, ಕಟಿಂಗ್ ಪ್ಲೇಯರ್‌ನಿಂದ ಕವರ್ ಅನ್ನೇ ಸುತ್ತಲೂ ಸ್ವಲ್ಪ ಸ್ವಲ್ಪ ಕತ್ತರಿಸಿ ಬಿಡಿಸಿಕೊಳ್ಳಿ. ಹೊಸ ಕವರ್‌ನಲ್ಲಿ ಅದಕ್ಕೆ ಅಂತ ಒಂದು ಗೂಡು ಇರುತ್ತದೆ. ಅಲ್ಲಿ ಕೂಡಿಸಿ, ಅಲ್ಲಾಡದ ಹಾಗೆ ಸಣ್ಣ ಡಬಲ್ ಸೈಡ್ ಟೇಪ್ ಹಾಕಿ. ಸಡಿಲ ಬಿಟ್ಟರೆ ಮಡಚುವ ಚಾವಿಯಲ್ಲಿ ಒಂದು ದಿನ ಹಾರಿ ಬೀಳುತ್ತದೆ.

ಓದುತ್ತಿರುವ ಉಳಿದವರಿಗೆ ಒಂದು ಮಾತು. ಎಲ್ಲ ಚಾವಿಯಲ್ಲೂ ಹೀಗೆ ಬೇರೆ ತುಂಡು ಇರಲ್ಲ. ಕೆಲವು ಚಾವಿಗಳಲ್ಲಿ ಚಿಪ್ ಬೋರ್ಡ್ ಮೇಲೆಯೇ ಇರುತ್ತದೆ, ಬೋರ್ಡ್ ಜೊತೆಗೆ ಅದೂ ಬರುತ್ತದೆ. ಹಾಗಾಗಿ ಕವರ್ ಬದಲಿಸಿದ ಮೇಲೆ ಅಂಗಡಿ ಬಿಡುವ ಮುಂಚೆ ಗಾಡಿ ಚಾಲೂ ಮಾಡಿ ಒಂದು ನಿಮಿಷ ಓಡಲು ಬಿಡಿ. ಅಲ್ಲಿಯ ತನಕ ಹಳೆಯ ಕವರ್ ನಿಮ್ಮ ಕೈಯಲ್ಲೇ ಇರಲಿ.

ಪ್ರಶ್ನೆ (ಬ್ಯಾಡಗಿಯಿಂದ): ಸರ್, ನನ್ನ ರಿಮೋಟ್ ಕಾರಿಗೆ ಮೂಗು ತಾಗಿಸಿದರೆ ಮಾತ್ರ ಕೆಲಸ ಮಾಡುತ್ತದೆ. ಹೊಸ ಸೆಲ್ ಹಾಕಿದೆ, ಹಾಗೇ ಇದೆ. ಮೊಬೈಲ್ ಕ್ಯಾಮೆರಾದಲ್ಲಿ ನೋಡಿದೆ, ಬೆಳಕು ಬರುತ್ತಿಲ್ಲ. ರಿಮೋಟ್ ಸತ್ತಿದೆಯಾ?

ಉತ್ತರ: ಕ್ಯಾಮೆರಾ ಪರೀಕ್ಷೆ ಟಿವಿ ರಿಮೋಟ್‌ಗೆ ಸರಿ. ಅದು ಬೆಳಕಿನಿಂದ ಕೆಲಸ ಮಾಡುತ್ತದೆ. ಕಾರಿನದು ರೇಡಿಯೊ, ನಮ್ಮಲ್ಲಿ ಹೆಚ್ಚಿನವು 433.92 ಮೆಗಾಹರ್ಟ್ಸ್. ಕ್ಯಾಮೆರಾದಲ್ಲಿ ಏನೂ ಕಾಣಲ್ಲ. ಹತ್ತಿರದಿಂದ ಕೆಲಸ ಮಾಡುತ್ತಿದೆ ಅಂದರೆ ರಿಮೋಟ್ ಬದುಕಿದೆ, ಶಕ್ತಿ ಸಾಲುತ್ತಿಲ್ಲ.

ಯಾವ ಸೆಲ್ ಹಾಕಿದಿರಿ? ಸೆಲ್ ಮೇಲಿನ ನಂಬರ್ ಅಳತೆ ಹೇಳುತ್ತದೆ. ಸಿಆರ್ 2032 ಅಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಸಿಆರ್ 2025 ಅಂದರೆ ಅದೇ ಅಗಲ, ದಪ್ಪ 2.5 ಮಿ.ಮೀ. ಮಾತ್ರ. ಎರಡೂ 3 ವೋಲ್ಟ್‌ನವೇ. ಅಂಗಡಿಯಲ್ಲಿ 2032 ಇಲ್ಲದಾಗ 2025 ಕೊಟ್ಟು ಕಳಿಸುತ್ತಾರೆ, ಅದು ಒಳಗೆ ಸಡಿಲವಾಗಿ ಕೂರುತ್ತದೆ. ಅಲ್ಲಾಡಿಸಿದಾಗ ಒಮ್ಮೆ ಕೆಲಸ, ಒಮ್ಮೆ ಇಲ್ಲ. ಇನ್ನೊಂದು, ಅಂಗಡಿಯಲ್ಲಿ ವರ್ಷಗಟ್ಟಲೆ ನೇತಾಡಿದ ಸೆಲ್ ಹೊಸದಾದರೂ ಸೊರಗಿರುತ್ತದೆ. ಮಲ್ಟಿಮೀಟರ್ ಇದ್ದವರ ಹತ್ತಿರ ನೋಡಿಸಿ. ಒಳ್ಳೆಯ ಸೆಲ್ 3 ವೋಲ್ಟ್‌ಗಿಂತ ಮೇಲೆ ತೋರಿಸುತ್ತದೆ. 2.8ಕ್ಕಿಂತ ಕೆಳಗಿದ್ದರೆ ವಾಪಸ್ ಕೊಡಿ.

ಸೆಲ್ ಸರಿ ಇದ್ದರೆ ರಿಮೋಟ್ ಬಿಚ್ಚಿ ಬೋರ್ಡ್ ನೋಡಿ. ಸೆಲ್ ಹಿಡಿಯುವ ಪತ್ತಿ ಚಪ್ಪಟೆ ಆಗಿದ್ದರೆ ಉಗುರಿನಿಂದ ಸ್ವಲ್ಪ ಎತ್ತಿ. ಹಸಿರು ಕಿಲುಬು ಕಂಡರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಮೆಲ್ಲಗೆ ಉಜ್ಜಿ. ನಿಮ್ಮ ಊರಿನವರ ರಿಮೋಟ್ ಬಿಚ್ಚಿದಾಗ ಬಟನ್ ಸಂದಿಯಲ್ಲಿ ಮೆಣಸಿನಕಾಯಿ ಪುಡಿ ಕೂತಿರುವುದನ್ನು ನಾನು ನೋಡಿದ್ದೇನೆ. ಮಾರುಕಟ್ಟೆಯಲ್ಲಿ ದಿನವಿಡೀ ಓಡಾಡುವವರ ಜೇಬು ಅಲ್ವಾ, ಹೋಗಿಯೇ ಹೋಗುತ್ತದೆ. ಬಟನ್ ಅಡಿಯ ಪುಟ್ಟ ಸ್ವಿಚ್ ಒತ್ತಿದಾಗ ಟಿಕ್ ಅನ್ನದಿದ್ದರೆ ಸ್ವಿಚ್ ಬದಲಿಸಬೇಕು. ಮೊಬೈಲ್ ರಿಪೇರಿ ಮಾಡುವವರು ಹಾಕಿಕೊಡುತ್ತಾರೆ. ಅದಕ್ಕಾಗಿ ಪೂರ್ತಿ ರಿಮೋಟ್ ಬದಲಿಸುವ ಅಗತ್ಯವಿಲ್ಲ.

ಪ್ರಶ್ನೆ (ಗದಗ-ಬೆಟಗೇರಿಯಿಂದ): ಮೊಮ್ಮಗ ಇಡೀ ದಿನ ರಿಮೋಟ್ ಒತ್ತಿ ಆಡಿದ. ಈಗ ಬಾಗಿಲು ತೆರೆಯುತ್ತಿಲ್ಲ. ಇಂಜಿನ್ ಚಾಲೂ ಆಗುತ್ತದೆ. ಕೆಟ್ಟಿತಾ?

ಉತ್ತರ: ಕೆಟ್ಟಿಲ್ಲ ಕಾಕಾ. ರಿಮೋಟ್ ಪ್ರತಿ ಸಲ ಒತ್ತಿದಾಗ ಹೊಸ ಕೋಡ್ ಕಳಿಸುತ್ತದೆ. ಕಳ್ಳರು ಒಂದು ಕೋಡ್ ಹಿಡಿದಿಟ್ಟುಕೊಂಡರೂ ಮರುದಿನ ಉಪಯೋಗಕ್ಕೆ ಬರಬಾರದು ಅಂತ ಈ ಏರ್ಪಾಡು. ಗಾಡಿ ದೂರದಲ್ಲಿದ್ದಾಗ ಒತ್ತಿದರೆ ರಿಮೋಟ್‌ನ ಎಣಿಕೆ ಮುಂದೆ ಹೋಗುತ್ತದೆ, ಗಾಡಿಯದು ಹಿಂದೆ ಉಳಿಯುತ್ತದೆ. ಕೀಲಾಕ್ ಅನ್ನುವ ಹೆಸರಾದ ಪದ್ಧತಿಯಲ್ಲಿ ಸಾಮಾನ್ಯವಾಗಿ 16 ಕೋಡ್ ವ್ಯತ್ಯಾಸದ ತನಕ ಗಾಡಿ ಹಾಗೇ ಒಪ್ಪಿಕೊಳ್ಳುತ್ತದೆ. ಅದು ದಾಟಿದರೆ ಕಾರಿನ ಪಕ್ಕ ನಿಂತು ಒಂದರ ಹಿಂದೆ ಒಂದು ಎರಡು ಸಲ ಒತ್ತಿದರೆ ಎಣಿಕೆ ಕೂಡಿಕೊಳ್ಳುತ್ತದೆ. ಅದರಿಂದಲೂ ಆಗದಿದ್ದರೆ ಗಾಡಿಯ ಪುಸ್ತಕದಲ್ಲಿ ರಿಮೋಟ್ ಹೊಂದಿಸುವ ಕ್ರಮ ಇದೆಯಾ ನೋಡಿ. ಕೆಲವು ಗಾಡಿಯಲ್ಲಿ ಇಗ್ನಿಷನ್ ಆನ್ ಮಾಡಿ ಲಾಕ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು, ಕೆಲವಕ್ಕೆ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್‌ಗೆ ಜೋಡಿಸುವ ಯಂತ್ರ) ಬೇಕು. ಇಷ್ಟೆಲ್ಲ ಒತ್ತಿದ್ದಾನೆ ಅಂದರೆ ಸೆಲ್ ಕೂಡ ಖಾಲಿ ಆಗಿರಬಹುದು, ಮೊದಲು ಅದನ್ನೇ ನೋಡಿ.

ಪ್ರಶ್ನೆ (ರಾಣೆಬೆನ್ನೂರಿನಿಂದ): ನಮ್ಮದು ಬಟನ್ ಒತ್ತಿ ಸ್ಟಾರ್ಟ್ ಮಾಡುವ ಗಾಡಿ. ನಡುರಸ್ತೆಯಲ್ಲಿ ಚಾವಿ ಸಿಗುತ್ತಿಲ್ಲ ಅಂತ ಬರುತ್ತದೆ.

ಉತ್ತರ: ಬ್ರೇಕ್ ಒತ್ತಿ ಹಿಡಿದು, ಚಾವಿಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಬಟನ್ ಒತ್ತಿ. ತುಂಬಾ ಗಾಡಿಗಳಲ್ಲಿ ಸೆಲ್ ಪೂರ್ತಿ ಸತ್ತರೂ ಚಾವಿಯ ಚಿಪ್ ಓದಲು ಅಲ್ಲೇ ಕಾಯಿಲ್ ಇಟ್ಟಿರುತ್ತಾರೆ. ಕೆಲವದರಲ್ಲಿ ಆ ಜಾಗ ಬೇರೆ ಕಡೆ ಇರುತ್ತದೆ, ಪುಸ್ತಕದಲ್ಲಿ ಚಿತ್ರ ಇದೆ. ಆಮೇಲೆ ಸೆಲ್ ಬದಲಿಸಿ. ಚಾವಿಯನ್ನು ಮೊಬೈಲ್ ಇರುವ ಜೇಬಿನಲ್ಲಿ ಅಥವಾ ಚಾರ್ಜರ್ ಪಕ್ಕ ಇಡಬೇಡಿ.

ಪ್ರಶ್ನೆ (ಹಾವೇರಿಯಿಂದ, ಬಾಡಿಗೆ ಗಾಡಿ ಓಡಿಸುವವರು): ಅಣ್ಣಾ, ನನ್ನದು ಹೊರಗಡೆ ಹಾಕಿಸಿದ ಸೆಂಟ್ರಲ್ ಲಾಕ್. ಮಳೆಗಾಲ ಶುರುವಾದಾಗಿನಿಂದ ಬೆಳಗ್ಗೆ ಒಮ್ಮೊಮ್ಮೆ ಸೆಲ್ಫೇ ಹೊಡೆಯಲ್ಲ, ಪೂರ್ತಿ ಮೌನ. ಹತ್ತು ನಿಮಿಷ ಬಿಟ್ಟರೆ ಸರಿ. ಗಿರಾಕಿ ಕಾಯುತ್ತಾ ನಿಂತಿರುತ್ತಾರೆ. ಒಬ್ಬರು ಇಮೊಬಿಲೈಸರ್ ಕಿತ್ತು ಬೈಪಾಸ್ ಮಾಡಿಸು ಅಂದರು.

ಉತ್ತರ: ಮೊದಲು ಬೈಪಾಸ್ ಮಾತು ಬಿಡು ತಮ್ಮಾ, ಅದಕ್ಕೆ ಆಮೇಲೆ ಬರುತ್ತೇನೆ. ಹೊರಗಡೆ ಹಾಕಿಸಿದ ಲಾಕ್‌ಗೂ ಕಂಪನಿ ಇಮೊಬಿಲೈಸರ್‌ಗೂ ಸಂಬಂಧ ಇಲ್ಲ. ಆದರೆ ಅಲಾರಂ ಇರುವ ಕಿಟ್‌ನಲ್ಲಿ ಸೆಲ್ಫ್ ವೈರ್ ಅಥವಾ ಇಗ್ನಿಷನ್ ವೈರ್ ಕತ್ತರಿಸಿ ನಡುವೆ ಒಂದು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಕೂಡಿಸಿರುತ್ತಾರೆ. ಡ್ಯಾಶ್‌ಬೋರ್ಡ್ ಕೆಳಗೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್. ಮಳೆಗಾಲದ ಥಂಡಿಗೆ ಆ ಜಾಯಿಂಟ್ ಕಪ್ಪಗಾಗುತ್ತದೆ, ರಿಲೇ ಕಾಲು ಸಡಿಲ ಆಗುತ್ತದೆ. ಸೆಲ್ಫ್ ಹೊಡೆಯದ ಹೊತ್ತಿನಲ್ಲೇ ಕ್ಲಚ್ ಪೆಡಲ್ ಮೇಲ್ಭಾಗದ ವೈರ್ ಗೊಂಚಲನ್ನು ಕೈಯಿಂದ ಮೆಲ್ಲಗೆ ಅಲ್ಲಾಡಿಸಿ ಚಾವಿ ತಿರುಗಿಸಿ ನೋಡು. ಹೊಡೆಯಿತು ಅಂದರೆ ಜಾಗ ಸಿಕ್ಕಂತೆ. ಜಾಯಿಂಟ್ ಬಿಚ್ಚಿ ಬೆಸುಗೆ ಹಾಕಿ, ಸ್ಲೀವ್ ಏರಿಸಿದರೆ ಮತ್ತೆ ತೊಂದರೆ ಕೊಡಲ್ಲ.

ಜೊತೆಗೆ ಗಾಡಿಯ ದೊಡ್ಡ ಬ್ಯಾಟರಿ ನೋಡಿಸು. ರಾತ್ರಿ ನಿಂತ ಗಾಡಿಯಲ್ಲಿ ಬೆಳಗ್ಗೆ ಸುಮಾರು 12.6 ವೋಲ್ಟ್ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ದಣಿದಿದೆ. ಅಷ್ಟು ಕುಸಿದಾಗ ಇಮೊಬಿಲೈಸರ್ ಕೂಡ ಚಾವಿ ಓದಲು ತಪ್ಪಬಹುದು, ಚಾವಿ ಲೈಟ್ ಮಿಣುಕಬಹುದು. ಟರ್ಮಿನಲ್ ಮೇಲಿನ ಬಿಳಿ ಪುಡಿ ತೊಳೆದು ಬಿಗಿ ಮಾಡಿದರೇ ಎಷ್ಟೋ ಗಾಡಿ ಸರಿ ಹೋಗುತ್ತವೆ.

ಈಗ ಬೈಪಾಸ್. ಹೊರಗಿನ ಕಿಟ್ ಬೇಡವಾದರೆ ಬಿಚ್ಚಿಸಿ, ಕತ್ತರಿಸಿದ ವೈರ್ ಮೊದಲಿನಂತೆ ಕೂಡಿಸು, ತೊಂದರೆ ಇಲ್ಲ. ಕಂಪನಿ ಇಮೊಬಿಲೈಸರ್ ತೆಗೆಸಬೇಡ. ನಾನು ಆ ಕೆಲಸ ಮಾಡುವುದೂ ಇಲ್ಲ. ಯುರೋಪಿನಲ್ಲಿ 1998ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರಿಗೆ ಇದು ಕಡ್ಡಾಯ. ಅಮೆರಿಕದಲ್ಲಿ ಕಡ್ಡಾಯ ಇರಲಿಲ್ಲ. ಅಲ್ಲಿ ಇದು ಇಲ್ಲದ ಕೆಲವು ಮಾಡೆಲ್‌ಗಳನ್ನು ಸ್ಟೀರಿಂಗ್ ಕವರ್ ಒಡೆದು, ಯುಎಸ್‌ಬಿ ಕೇಬಲ್‌ನ ತುದಿಯಿಂದ ತಿರುಗಿಸಿ ಹುಡುಗರು ಕದ್ದೊಯ್ದದ್ದು 2022ರ ಹೊತ್ತಿಗೆ ದೊಡ್ಡ ಸುದ್ದಿ ಆಯಿತು. ಗಾಡಿ ನಿನ್ನ ಹೊಟ್ಟೆಪಾಡು. ರಾತ್ರಿ ರಸ್ತೆ ಬದಿಗೆ ನಿಲ್ಲಿಸಿ ಮಲಗುವವನಿಗೆ ಆ ಕಾವಲು ಬೇಕೇ ಬೇಕು.

ಪ್ರಶ್ನೆ (ನವಲಗುಂದದಿಂದ): ಸವದತ್ತಿ ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಒಂದು ಚಾವಿ ಕಳೆಯಿತು. ಇನ್ನೊಂದು ಇದೆ, ಅದರಲ್ಲೇ ನಡೆಸುತ್ತಿದ್ದೇವೆ. ಸುಮ್ನೆ ದುಡ್ಡು ಯಾಕೆ ಅಂತ ಮನೆಯವರು ಅನ್ನುತ್ತಾರೆ.

ಉತ್ತರ: ಅಕ್ಕಾರೆ, ಮನೆಯವರಿಗೆ ಇದನ್ನು ಓದಿ ಹೇಳಿ. ಒಂದು ಚಾವಿ ಕೈಯಲ್ಲಿದ್ದಾಗ ಇನ್ನೊಂದು ಮಾಡಿಸುವುದು ಸುಲಭ. ಅದೂ ಕಳೆದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಟೋಯಿಂಗ್ ಖರ್ಚು, ಸೆಕ್ಯೂರಿಟಿ ಕೋಡ್ ತರಿಸುವುದು, ಕೆಲವು ಮಾಡೆಲ್‌ಗೆ ಯೂನಿಟ್ ಬಿಚ್ಚಿ ಮೆಮೊರಿ ಓದುವುದು. ಖರ್ಚು ಎಷ್ಟೋ ಪಟ್ಟು ಏರುತ್ತದೆ.

ಮಾಡಿಸುವಾಗ ಕೇಳಿ: ಕೋಡಿಂಗ್ ಮಾಡುತ್ತೀರಾ, ಕ್ಲೋನ್ ಮಾಡುತ್ತೀರಾ? ಕ್ಲೋನ್ ಅಂದರೆ ನಿಮ್ಮ ಹಳೆಯ ಚಿಪ್‌ನ ಗುರುತನ್ನೇ ಹೊಸದಕ್ಕೆ ಬರೆಯುವುದು. ಕೆಲಸ ಬೇಗ ಆಗುತ್ತದೆ, ಆದರೆ ಗಾಡಿಯ ಮೆಮೊರಿಯಲ್ಲಿ ಕಳೆದ ಚಾವಿ ಹಾಗೇ ಉಳಿಯುತ್ತದೆ. ಅದು ಯಾರಿಗೋ ಸಿಕ್ಕಿದ್ದರೆ ಅದರಿಂದಲೂ ಗಾಡಿ ಚಾಲೂ ಆಗುತ್ತದೆ. ನಿಮಗೆ ಬೇಕಾದದ್ದು ಕೋಡಿಂಗ್. ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್‌ಗೆ ಸ್ಕ್ಯಾನರ್ ಹಾಕಿ ಹಳೆಯ ಚಾವಿಗಳನ್ನೆಲ್ಲ ಅಳಿಸಿ, ಈಗ ಕೈಯಲ್ಲಿರುವ ಎರಡನ್ನು ಮಾತ್ರ ಸೇರಿಸಬೇಕು. ಕೆಲಸ ಆದ ಮೇಲೆ ಮೆಮೊರಿಯಲ್ಲಿ ಎಷ್ಟು ಚಾವಿ ಇದೆ ಅಂತ ಸ್ಕ್ಯಾನರ್ ಪರದೆಯ ಮೇಲೆ ನೀವೇ ನೋಡಿ, ಎರಡು ಇರಬೇಕು. ಹೋಗುವಾಗ ಆರ್‌ಸಿ, ಗುರುತಿನ ಚೀಟಿ ಒಯ್ಯಿರಿ. ಕೇಳದೇ ಚಾವಿ ಮಾಡಿಕೊಡುವ ಅಂಗಡಿ ನನಗಂತೂ ಸರಿ ಕಾಣಲ್ಲ.

ಪೊಲೀಸ್ ಠಾಣೆಯಲ್ಲಿ ಚಾವಿ ಕಳೆದ ಬಗ್ಗೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮುಂದೆ ಗಾಡಿ ಕಳುವಾದರೆ ಇನ್ಶೂರೆನ್ಸ್‌ನವರು ಎರಡೂ ಚಾವಿ ಕೇಳುತ್ತಾರೆ. ಪಾಲಿಸಿಯಲ್ಲಿ ಚಾವಿ ಬದಲಿಸುವ ಆಡ್-ಆನ್ ಇದೆಯಾ ಅಂತಲೂ ನೋಡಿ. ಇದ್ದರೆ ಈ ಖರ್ಚೇ ವಾಪಸ್ ಸಿಗಬಹುದು.

ಪ್ರಶ್ನೆ (ಹುಬ್ಬಳ್ಳಿ, ವಿದ್ಯಾನಗರದಿಂದ): ನನ್ನ ರಿಮೋಟ್ ಎಲ್ಲ ಕಡೆ ಸರಿ ಇದೆ, ಒಂದು ಕಟ್ಟಡದ ಪಾರ್ಕಿಂಗ್‌ನಲ್ಲಿ ಮಾತ್ರ ಕೆಲಸ ಮಾಡಲ್ಲ. ಚಾವಿಯಿಂದ ಬಾಗಿಲು ತೆರೆದರೆ ಅಲಾರಂ ಕೂಗುತ್ತದೆ.

ಉತ್ತರ: ಅಲ್ಲಿ ಅದೇ 433ರ ಸುತ್ತ ಯಾವುದೋ ಸಾಧನ ನಿರಂತರ ಸಿಗ್ನಲ್ ಬಿಡುತ್ತಿರಬೇಕು. ಗೇಟ್ ರಿಮೋಟ್ ರಿಸೀವರ್, ಕೆಟ್ಟ ಎಲ್‌ಇಡಿ ಸಪ್ಲೈ, ಹೀಗೆ ಏನಾದರೂ. ನಿಮ್ಮ ರಿಮೋಟ್‌ಗೆ ಖರ್ಚು ಮಾಡಬೇಡಿ. ಚಾಲಕನ ಬಾಗಿಲಿಗೆ ತೀರಾ ಹತ್ತಿರ ಹಿಡಿದು ಒತ್ತಿ ನೋಡಿ. ಆಗದಿದ್ದರೆ ಚಾವಿಯಿಂದಲೇ ತೆರೆಯಿರಿ. ಅಲಾರಂ ಕೂಗಿದರೆ ಗಾಬರಿ ಬೇಡ, ಕೂತು ಇಗ್ನಿಷನ್ ಆನ್ ಮಾಡಿ. ಕಂಪನಿ ಅಲಾರಂ ಆಗಿದ್ದರೆ ಚಿಪ್‌ನ ಗುರುತು ಸಿಕ್ಕ ಕೂಡಲೇ ನಿಲ್ಲುತ್ತದೆ.