ಊದಿದರೆ ಓಡುತ್ತದೆ

ನಾಗೇಶನ ಮನೆ ಹನುಮಂತನಗರದಲ್ಲಿ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಹೋದ ಭಾನುವಾರ ನಾನು, ರಘು, ಪ್ರಭಣ್ಣ ಮೂವರೂ ಸೇರಿ ಒಂದು 21 ಇಂಚಿನ ಡಬ್ಬಾ ಟೀವಿಯನ್ನು ಅಲ್ಲಿಯವರೆಗೆ ಹೊತ್ತೆವು. ನಾಗೇಶ ಹೊರಲಿಲ್ಲ. ಮುಂದೆ ಮುಂದೆ ನಡೆಯುತ್ತಾ "ಹುಷಾರು, ಗೋಡೆಗೆ ತಾಗುತ್ತೆ" ಅನ್ನುತ್ತಿದ್ದ, ಉತ್ಸವದಲ್ಲಿ ದೀವಟಿಗೆ ಹಿಡಿದವನ ಥರ.

"ಊರಿನವರೆಲ್ಲ ಇದನ್ನ ಯಾವಾಗ ಮನೆಯಿಂದ ಆಚೆ ಹಾಕೋದು ಅಂತ ಕಾಯ್ತಿದ್ರೆ, ನೀನು ದುಡ್ಡು ಕೊಟ್ಟು ಒಳಗೆ ತರ್ತೀಯಲ್ಲೋ" ಅಂದ ರಘು. ಎರಡನೇ ಮಹಡಿಯಲ್ಲಿ ಕೂತು ಉಸಿರು ಬಿಡುತ್ತಿದ್ದ.

"ಎಂಟುನೂರು ಅಷ್ಟೇ ಕಣೋ. ಸಂಡೇ ಬಜಾರಲ್ಲಿ ಚೌಕಾಸಿ ಮಾಡಿ ತಗೊಂಡೆ."

"ಹೊತ್ತಿದ್ದಕ್ಕೆ ಕೂಲಿ ಎಷ್ಟು?"

"ಉಪ್ಪಿಟ್ಟು."

ನಾಗೇಶನಿಗೆ ಹಳೇ ಕಂಪ್ಯೂಟರು, ಹಳೇ ವಿಡಿಯೋ ಗೇಮುಗಳ ಹುಚ್ಚು ಹಿಡಿದು ಐದು ವರ್ಷ ಆಯ್ತು. ಮೊದಲು ಒಂದು ಶೆಲ್ಫು ಇತ್ತು. ಈಗ ಒಂದು ಕೋಣೆ. "ಇದು ನೆಂಟರು ಬಂದ್ರೆ ಮಲಗೋ ಕೋಣೆ. ಈಗ ಕೋಣೇನೂ ಇಲ್ಲ, ನೆಂಟರೂ ಇಲ್ಲ. ಎರಡನೇದಕ್ಕೆ ನನ್ನ ತಕರಾರಿಲ್ಲ" ಅಂತಾಳೆ ಅವನ ಹೆಂಡತಿ ಸುಮಾ.

ಟೀವಿ ಯಾಕೆ ಬೇಕಾಯ್ತು ಅಂದರೆ, ಬಾತುಕೋಳಿ ಹೊಡೆಯೋದಕ್ಕೆ. ಡಕ್ ಹಂಟ್ ನೆನಪಿದೆ ಅಲ್ವಾ? ಪ್ಲಾಸ್ಟಿಕ್ ಗನ್ ಹಿಡಿದು ಪರದೆಗೆ ಗುರಿ ಇಡೋ ಆಟ. ನಾಗೇಶ ಗನ್ ಹುಡುಕಿ ತಂದು, ಹಾಲ್‌ನಲ್ಲಿರೋ ದೊಡ್ಡ ಎಲ್‌ಇಡಿ ಟೀವಿಗೆ ಜೋಡಿಸಿ ಮೂರು ವಾರ ಹೊಡೆದ. ಒಂದು ಬಾತೂ ಬೀಳಲಿಲ್ಲ. ಗನ್ ಕೆಟ್ಟಿದೆ ಅಂತ ಎಸ್.ಪಿ. ರೋಡಿಗೆ ಒಯ್ದ. ರಿಪೇರಿಯವನು ಬಿಚ್ಚಿ ನೋಡಿ, "ಗನ್ ಸರಿ ಇದೆ ಸಾರ್, ಟೀವಿ ಹೊಸದಾಯ್ತು" ಅಂದನಂತೆ.

ಗನ್ ಒಳಗೆ ಗುಂಡೂ ಇಲ್ಲ, ಕಿರಣವೂ ಇಲ್ಲ. ಇರೋದು ಒಂದು ಕಣ್ಣು. ಟ್ರಿಗರ್ ಒತ್ತಿದ ಕೂಡಲೇ ಪರದೆ ಕ್ಷಣಕಾಲ ಕಪ್ಪಾಗುತ್ತೆ, ಆಮೇಲೆ ಬಾತು ಇದ್ದ ಜಾಗದಲ್ಲಿ ಮಾತ್ರ ಬಿಳೀ ಚೌಕ ಮಿಂಚುತ್ತೆ. ಆ ಬೆಳಕು ಗನ್ನಿನ ಕಣ್ಣಿಗೆ ಬಿದ್ದರೆ ಬಾತು ಸತ್ತಿತು ಅಂತ ಲೆಕ್ಕ. ಗುಂಡು ಹೊಡೆಯೋದು ನಾವಲ್ಲ, ಟೀವಿ! ಹೊಸ ಟೀವಿ ಚಿತ್ರ ತೋರಿಸೋದಕ್ಕೆ ಒಂದು ಗಳಿಗೆ ತಡ ಮಾಡುತ್ತೆ. ಅಷ್ಟರಲ್ಲಿ ಗನ್ನು ಕಣ್ಣು ಮುಚ್ಚಿರುತ್ತೆ. ಅದಕ್ಕೇ ಈ ಇಪ್ಪತ್ತು ಚಿಲ್ಲರೆ ಕೇಜಿಯ ಡಬ್ಬ, ನಮ್ಮ ಸೊಂಟ, ಎಲ್ಲ.

ನಾಗೇಶನ ಅಮ್ಮನ ತಕರಾರು ಬೇರೆ. "ಮೊಟ್ಟೆ ಕೂಡ ತರದ ಮನೆ ಇದು. ಇವನು ಮೂರು ವಾರದಿಂದ ಬಾತುಕೋಳಿ ಹೊಡೀತಾ ಕೂತಿದ್ದಾನೆ."

"ಒಂದೂ ಬಿದ್ದಿಲ್ಲ ಬಿಡಿ ಅಮ್ಮ" ಅಂದ ರಘು. "ಪಾಪ ತಗಲಲ್ಲ."

ಉಪ್ಪಿಟ್ಟು ಬಂತು. ಪ್ರಭಣ್ಣ ಶೆಲ್ಫಿನ ಮುಂದೆ ನಿಂತಿದ್ದವನು ಅಲ್ಲಾಡಲಿಲ್ಲ. ನಮಗೆಲ್ಲ ಅವನು ಹತ್ತು ವರ್ಷ ದೊಡ್ಡವನು. ಅವನ ಕಣ್ಣು ಒಂದು ಬಿಬಿಸಿ ಮೈಕ್ರೋ ಮೇಲೆ.

"ಇದೇ ಕಣ್ರೋ. ನಮ್ಮ ಸ್ಕೂಲಿಗೆ ಬಂದಿತ್ತು. ಕೇಂದ್ರ ಸರ್ಕಾರ 1984ರಲ್ಲಿ ಕ್ಲಾಸ್ ಅಂತ ಒಂದು ಯೋಜನೆ ಶುರು ಮಾಡಿತ್ತು, ಶಾಲೆಗಳಿಗೆ ಕಂಪ್ಯೂಟರ್ ಕೊಡೋದು. ಇಡೀ ಸ್ಕೂಲಲ್ಲಿ ಫ್ಯಾನ್ ಸರಿಯಾಗಿ ತಿರುಗ್ತಿರಲಿಲ್ಲ, ಆ ಕೋಣೆಗೆ ಮಾತ್ರ ಏಸಿ. ಚಪ್ಪಲಿ ಆಚೆ ಬಿಡಬೇಕು. ನನ್ನ ಸಾಕ್ಸ್ ತೂತು. ಕಂಪ್ಯೂಟರ್ ಅಂದ್ರೆ ಈಗಲೂ ನನಗೆ ಮೊದಲು ಹೆಬ್ಬೆರಳು ನೆನಪಾಗುತ್ತೆ."

"ಚಪ್ಪಲಿ ಯಾಕೆ ಬಿಡಬೇಕಿತ್ತು?"

"ಧೂಳು ಅಂತ ಮೇಷ್ಟ್ರು ಹೇಳ್ತಿದ್ರು. ವೈರಸ್ ಬರುತ್ತೆ ಅಂತ ಪ್ಯೂನ್ ಹೇಳ್ತಿದ್ದ. ನಾವು ಪ್ಯೂನನ್ನ ನಂಬಿದ್ವಿ."

ಬಿಬಿಸಿ ಮೈಕ್ರೋ ಗುರುತಲ್ಲಿ ಒಂದು ಗೂಬೆ ಇದೆ, ಚುಕ್ಕಿ ಚುಕ್ಕಿಯದು. ಬ್ರಿಟನ್ನಿನಲ್ಲಿ ಗೂಬೆ ಅಂದರೆ ಜಾಣತನ. ನಮ್ಮ ಕಡೆ ಗೂಬೆ ಅಂದರೆ ಏನು ಅಂತ ಗೊತ್ತೇ ಇದೆಯಲ್ಲ. ಆಯುಧಪೂಜೆ ದಿನ ಮೇಷ್ಟ್ರು ಅಳತೆ ಮಾಡಿದ ಹಾಗೆ ಸರಿಯಾಗಿ ಗೂಬೆ ಮೇಲೇ ಕುಂಕುಮ ಮೆತ್ತಿ ಮುಚ್ಚಿಬಿಟ್ಟರಂತೆ.

"ಒಂದು ಮಿಷಿನ್‌ಗೆ ನಾಲ್ಕು ಜನ. ನನ್ನ ಸರದಿ ಬಂದಾಗ 10 ಪ್ರಿಂಟ್ ಪ್ರಭಾಕರ, 20 ಗೋಟು 10. ಪರದೆ ತುಂಬಾ ನನ್ನ ಹೆಸರು ಓಡ್ತಾನೇ ಇತ್ತು. ಆಮೇಲೆ ನನ್ನ ಹೆಸರು ಅಷ್ಟು ಸಲ ಬಂದಿದ್ದು ಬ್ಯಾಂಕಿನ ಸಾಲದ ನೋಟೀಸಲ್ಲಿ."

"ಅದರ ಮೆಮೊರಿ ಎಷ್ಟು ಪ್ರಭಣ್ಣ?"

"32 ಕೆಬಿ."

ರಘು ಫೋನ್ ತೆಗೆದು ನೋಡಿದ. ಅವನ ಚಿಕ್ಕಪ್ಪ ಆವತ್ತು ಬೆಳಗ್ಗೆ ಕಳಿಸಿದ ಗುಲಾಬಿ ಹೂವಿನ ಶುಭೋದಯ 118 ಕೆಬಿ ಇತ್ತು. ಅಂದರೆ ಆ ಗುಲಾಬಿ ಹಿಡಿಸೋದಕ್ಕೇ ನಾಲ್ಕು ಕಂಪ್ಯೂಟರ್ ಬೇಕು.

ನಾಗೇಶನಿಗೆ ಇಷ್ಟು ಹೊತ್ತು ಸುಮ್ಮನಿದ್ದದ್ದೇ ಜಾಸ್ತಿ. "ಇದರ ಹೊಟ್ಟೇಲಿ ಇರೋ ಚಿಪ್ ಗೊತ್ತಾ? 6502. 1975ರಲ್ಲಿ ಬಂದಾಗ 25 ಡಾಲರ್. ಬೇರೆಯವರ ಚಿಪ್ಪಿಗೆಲ್ಲ ಇದರ ಎಷ್ಟೋ ಪಟ್ಟು ರೇಟ್ ಇತ್ತು. ಅದಕ್ಕೇ ಮನೆಮನೆಗೆ ಕಂಪ್ಯೂಟರ್ ಬಂದಿದ್ದು. ಆಪಲ್ ಟೂ ಒಳಗೂ ಅದೇ. ಅಟಾರಿ, ಕಮಡೋರ್ 64, ಈ ನಿಂಟೆಂಡೊ, ಎಲ್ಲದರಲ್ಲೂ ಅದೇ ವಂಶದ್ದು."

"ಅಂದ್ರೆ ಒಂದೇ ಗೋತ್ರ" ಅಂದರು ಅಮ್ಮ.

"ಹೂಂ ಅಮ್ಮ. ಸಿಂಕ್ಲೇರ್ ಸ್ಪೆಕ್ಟ್ರಮ್ ಮಾತ್ರ ಬೇರೆ. ಅದು ಝಡ್80."

"ಹಾಗಾದ್ರೆ ಅಲ್ಲಿ ಸಂಬಂಧ ಕೇಳಬಹುದು."

ಈಗ ನನ್ನ ವಿಷಯ. ನಾನು 1993ರಲ್ಲಿ ಎಂಟನೇ ಕ್ಲಾಸು. ನಮಗೆ ಗೊತ್ತಿದ್ದದ್ದು ನಿಂಟೆಂಡೊ ಅಲ್ಲ, ಅದರ ನಕಲು. ಜಪಾನಿನಲ್ಲಿ 1983ರಲ್ಲಿ ಫ್ಯಾಮಿಕಾಮ್ ಅಂತ ಬಂದದ್ದರ ಮರಿ, ಮೊಮ್ಮರಿ. ನಾವು ಕರೆಯುತ್ತಿದ್ದದ್ದು ಟೀವಿ ಗೇಮ್. ಅದಕ್ಕೆ ಹಾಕೋದು ಕ್ಯಾಸೆಟ್. ಕಾರ್ಟ್ರಿಜ್ ಅನ್ನೋ ಪದ ನಾನು ಕೇಳಿದ್ದು ಪ್ರಿಂಟರ್ ಕೊಂಡ ಮೇಲೆ. 9999 ಇನ್ 1 ಅಂತ ಕ್ಯಾಸೆಟ್ ಮೇಲೆ ಬರೆದಿರುತ್ತಿತ್ತು. ಒಳಗೆ ಏಳೆಂಟು ಆಟ, ಮಿಕ್ಕಿದ್ದೆಲ್ಲ ಅದೇ ಆಟಕ್ಕೆ ಬೇರೆ ಹೆಸರು. ನಮ್ಮ ಅಪಾರ್ಟ್‌ಮೆಂಟ್ ಬ್ರೋಷರ್ ಓದಿದಾಗ ಆ ಕ್ಯಾಸೆಟ್ಟೇ ನೆನಪಾಗಿತ್ತು.

ನಮ್ಮಪ್ಪ ಕೊಡಿಸಲಿಲ್ಲ. ಕಾರಣ: "ಪಿಕ್ಚರ್ ಟ್ಯೂಬ್ ಹೋಗುತ್ತೆ." ಆ ಕಾಲದ ಅಪ್ಪಂದಿರೆಲ್ಲ ಒಂದು ಸಭೆ ಸೇರಿ ಈ ಮಾತನ್ನು ಪಾಸು ಮಾಡಿರಬೇಕು. ನಾಗೇಶನ ಅಪ್ಪನೂ ಅದನ್ನೇ ಹೇಳಿದರು. ಹಾಗಾಗಿ ನಾವು ಗಂಟೆಗೆ ಹತ್ತು ರೂಪಾಯಿ ಅಂಗಡಿಗೆ ಹೋಗುತ್ತಿದ್ದೆವು. ಆ ಅಂಗಡಿಯ ಗಂಟೆಯಲ್ಲಿ ಐವತ್ತೈದು ನಿಮಿಷ ಇರುತ್ತಿತ್ತು.

ಮಿಷಿನ್ ಇದ್ದದ್ದು ರಘು ಮನೆಯಲ್ಲಿ ಮಾತ್ರ. ಅದೂ ಎರಡನೇ ಸಲಕ್ಕೆ. ಮೊದಲು ಅವನ ಅಮೆರಿಕ ಮಾವ ನಿಜವಾದ ನಿಂಟೆಂಡೊ ತಂದಿದ್ದರು. ಬೀದಿ ಮಕ್ಕಳೆಲ್ಲ ಚಾಪೆ ಮೇಲೆ ಕೂತಿದ್ದೆವು. ರಘು ಪೂರ್ವಕ್ಕೆ ಮುಖ ಮಾಡಿ ಅಡಾಪ್ಟರ್ ಸಿಕ್ಕಿಸಿದ. ಅದು ಅಮೆರಿಕದ 120 ವೋಲ್ಟಿನದು. ನಮ್ಮ ಗೋಡೆಯಲ್ಲಿ 230. ಡುಬ್ ಅಂತ ಸದ್ದು, ಮೀನು ಸುಟ್ಟ ವಾಸನೆ. "ಆಟ ಮುಗೀತಾ?" ಅಂತ ಅವರಜ್ಜಿ ಕೇಳಿದರು.

ಆಮೇಲೆ ಅವರಪ್ಪ ಪಾಪ ಅಂತ ಲೋಕಲ್ ಟೀವಿ ಗೇಮ್ ಕೊಡಿಸಿದರು. ನಾನು ದೀಪಾವಳಿ ದುಡ್ಡು ಕೂಡಿಟ್ಟು ಬರ್ಮಾ ಬಜಾರಿನಲ್ಲಿ ಕಾಂಟ್ರಾ ಕ್ಯಾಸೆಟ್ ಕೊಂಡೆ. ಮಿಷಿನ್ ಇಲ್ಲ, ಕ್ಯಾಸೆಟ್ ಇದೆ. ಕುದುರೆ ಇಲ್ಲದವನು ಲಾಳ ಇಟ್ಟುಕೊಂಡ ಹಾಗೆ. ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಿದರೆ ಮೂವತ್ತು ಲೈಫು. ನನಗೆ ಹದಿಮೂರರ ಮಗ್ಗಿ ಮರೆತಿದೆ, ಇದು ಮರೆತಿಲ್ಲ.

ಮುಂದಿನ ಬೇಸಿಗೆ ರಜೆಯಲ್ಲಿ ರಘು ಮನೆಯಿಂದ ಆ ಕ್ಯಾಸೆಟ್ ಮಾಯವಾಯ್ತು. ಅವನು "ನನಗೆ ಗೊತ್ತಿಲ್ಲ" ಅಂದ. ನಾನು ನಂಬಲಿಲ್ಲ. ಆರು ತಿಂಗಳು ಮಾತು ಬಿಟ್ಟೆ. ಆಮೇಲೆ ಮಾತಾಡಿದೆ, ಆದರೆ ಮರೆಯಲಿಲ್ಲ. ಅವನ ಮದುವೆಗೆ ಮುಯ್ಯಿ ಕವರಿನಲ್ಲಿ 501 ಹಾಕಬೇಕಾದವನು 251 ಹಾಕಿದೆ. ಇದು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

ಸುಮಾ ಕಾಫಿ ತಂದಳು. "ಇವರು ಈ ಡಬ್ಬಗಳನ್ನ ಬೆಳ್ಳಗೆ ಮಾಡೋಕೆ ಏನು ಮಾಡಿದ್ರು ಕೇಳಿದ್ರಾ?" ಹಳೇ ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತದ ಹಾಗೆ ಬ್ರೋಮಿನ್ ಬೆರೆಸಿರುತ್ತಾರಂತೆ, ವರ್ಷ ಕಳೆದ ಹಾಗೆ ಹಳದಿ ಆಗುತ್ತೆ. ಪೆರಾಕ್ಸೈಡ್ ಹಚ್ಚಿ ಬಿಸಿಲಿಗೆ ಇಟ್ಟರೆ ಬಣ್ಣ ವಾಪಸ್. ನಾಗೇಶ ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಯಿಂದ ಕೂದಲಿಗೆ ಹಚ್ಚೋ ಕ್ರೀಮ್ ನಾಲ್ಕು ಡಬ್ಬ ತಂದ. ಅಂಗಡಿಯವಳು ಅವನ ಬೋಳು ತಲೆ ನೋಡಿ ಸುಮ್ಮನೆ ಬಿಲ್ ಹಾಕಿದಳು. ಆಷಾಢ ಮಾಸ. ಬೆಂಗಳೂರಲ್ಲಿ ಬಿಸಿಲೆಲ್ಲಿ? ಒಂಬತ್ತು ದಿನ ಟೆರೇಸ್ ಮೇಲೆ ಸುಮಾಳ ಹಪ್ಪಳ ಒಂದು ಕಡೆ, ಇವನ ಕಮಡೋರ್ ಒಂದು ಕಡೆ, ಎರಡೂ ಒಣಗಲಿಲ್ಲ.

"ಅಮೆರಿಕದಲ್ಲಿ ಇದಕ್ಕೆ ಎಷ್ಟು ಬೆಲೆ ಗೊತ್ತೇನೇ?" ಅಂದ ನಾಗೇಶ. "ಅಟಾರಿಯವರು 1983ರಲ್ಲಿ ಮಾರಾಟ ಆಗದ ಕ್ಯಾಸೆಟ್ಟುಗಳನ್ನ ನ್ಯೂ ಮೆಕ್ಸಿಕೊ ಮರುಭೂಮೀಲಿ ಹೂತರು. 2014ರಲ್ಲಿ ಜನ ಅಗೆದು ತೆಗೆದು ಹರಾಜು ಹಾಕಿದ್ರು."

"ಮೊದಲು ಹೂತರು ಅಲ್ವಾ? ಆ ಭಾಗ ನನಗೆ ತುಂಬಾ ಇಷ್ಟ ಆಯ್ತು ರೀ."

ಪ್ರಭಣ್ಣ ನಡುವೆ ಬಾಯಿ ಹಾಕಿದ. "ಅಮೆರಿಕ ಬಿಡ್ರಪ್ಪ. ಇಡೋದಿದ್ರೆ ನಮ್ಮೂರ ಸಿಂಪ್ಯೂಟರ್ ಇಡಬೇಕು. ಐಐಎಸ್ಸಿ ಮೇಷ್ಟ್ರುಗಳು ಸೇರಿ ಯೋಚನೆ ಮಾಡಿದ್ದು, ಬಿಇಎಲ್ ತಯಾರಿಸಿದ್ದು, 2004ರಲ್ಲಿ ಮಾರಾಟಕ್ಕೆ ಬಂತು. ಅಂಗೈ ಮೇಲೆ ಕಂಪ್ಯೂಟರ್, ಕನ್ನಡ ಬೇರೆ. ಐಫೋನ್ ಬಂದಿದ್ದು 2007ರಲ್ಲಿ."

"ಮತ್ತೆ ಏನಾಯ್ತು?"

"ನೀನು ತಗೊಂಡ್ಯಾ?"

"ಇಲ್ಲ."

"ನಾನೂ ಇಲ್ಲ. ಅದೇ ಆಗಿದ್ದು."

ಅಂತೂ ಟೀವಿ ಹತ್ತಿತು. ಇರುವೆ ಮೆರವಣಿಗೆ ಬಂತು, ಅದು ನೋಡಿಯೇ ನಾವು ಮೂವರೂ "ಆಹಾ" ಅಂದೆವು. ಬಾತು ಆಮೇಲೆ, ಮೊದಲು ಕಾಂಟ್ರಾ ಅಂತ ನಾಗೇಶ ಒಂದು ಪೆಟ್ಟಿಗೆಯಿಂದ ಕ್ಯಾಸೆಟ್ ತೆಗೆದ. ಹಾಕಿದ. ಬರಲಿಲ್ಲ. ರಘು ಕಿತ್ತುಕೊಂಡು ಬಾಯಿ ಹತ್ತಿರ ಒಯ್ದು ಉಫ್ ಅಂತ ಊದಿದ.

"ಊದಬೇಡ್ವೋ!" ನಾಗೇಶ ಕಿರುಚಿದ. "ಊದಿದ್ರೆ ಏನೂ ಆಗಲ್ಲ, ಎಂಜಲು ಹಾರಿ ಪಿನ್ ತುಕ್ಕು ಹಿಡಿಯುತ್ತೆ. ತೆಗೆದು ವಾಪಸ್ ಹಾಕ್ತೀವಲ್ಲ, ಅದಕ್ಕೇ ಓಡ್ತಿದ್ದದ್ದು. ನಿಂಟೆಂಡೊದವರೇ ಊದಬೇಡಿ ಅಂದಿದ್ದಾರೆ."

"ನಾವು ಆಡ್ತಿದ್ದದ್ದು ನಕಲಿ. ನಕಲಿಗೆ ಊದಬಹುದು."

ನಾಗೇಶ ಹತ್ತಿಗೆ ಸ್ಪಿರಿಟ್ ಅದ್ದಿ ಪಿನ್ ಒರೆಸಿದ. ಹಿಂಭಾಗ ನೀನು ಒರೆಸು ಅಂತ ನನ್ನ ಕೈಗೆ ಕೊಟ್ಟ. ಒರೆಸಿದೆ. ಕಪ್ಪು ಕೊಳೆ ಬಿಟ್ಟುಕೊಂಡು ಬಂತು. ಕೆಳಗೆ ಕೈವಾರದ ಮುಳ್ಳಲ್ಲಿ ಗೀಚಿದ ಸೊಟ್ಟ ಅಕ್ಷರ: ಸೀನ, 8 ಬಿ.

ನಾನು ನಾಗೇಶನ ಮುಖ ನೋಡಿದೆ.

"ಸಂಡೇ ಬಜಾರಲ್ಲಿ ಸಿಕ್ಕಿದ್ದು ಕಣೋ" ಅಂದ. "ಎಂಥ ಕಾಕತಾಳೀಯ ನೋಡು."

ಅಡುಗೆ ಮನೆಯಿಂದ ಅಮ್ಮನ ದನಿ. "ಸಂಡೇ ಬಜಾರ್ ಎಲ್ಲಿ ಬಂತೋ? ಮೈಸೂರಿಗೆ ರಜಕ್ಕೆ ಹೋದಾಗ ನೀನೇ ಒಯ್ದಿದ್ದಲ್ವಾ? ಚಿಕ್ಕಮ್ಮ ಮನೆ ಖಾಲಿ ಮಾಡೋವಾಗ ಬ್ಯಾಗ್ ಜೊತೆ ಕೊಟ್ಟು ಕಳಿಸಿದ್ದು."

ಸ್ವಲ್ಪ ಹೊತ್ತು ಟೀವಿಯ ಇರುವೆ ಸದ್ದು ಬಿಟ್ಟು ಏನೂ ಕೇಳಲಿಲ್ಲ. ನಾಗೇಶ ಕನ್ನಡಕ ಒರೆಸಿಕೊಂಡ. "ಐದು ವರ್ಷದಿಂದ ಕ್ಲೀನಾಗಿ ಇಟ್ಟುಕೊಂಡಿದ್ದೀನಿ. ಬೇಕಾದ್ರೆ ಐನೂರು ಕೊಟ್ಟು ತಗೊಂಡು ಹೋಗು."

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಮುಂದೆ ಒಂದು ಕೈ ಚಾಚಿಕೊಂಡಿತ್ತು. ರಘುವಿನದು. ಅವನು ಬ್ಯಾಂಕಿನಲ್ಲಿ ಇಪ್ಪತ್ತು ವರ್ಷದಿಂದ ಲೆಕ್ಕ ನೋಡುತ್ತಾನೆ.

"ಅವನ ಲೆಕ್ಕ ಆಮೇಲೆ ಸೀನ. ಅವನ ಮದುವೆಗೆ 501, ನನ್ನ ಮದುವೆಗೆ 251. ಮುಯ್ಯಿ ಪುಸ್ತಕ ಮನೇಲಿದೆ. ಬಾಕಿ ಇನ್ನೂರೈವತ್ತು ತೆಗಿ."