‘ಸರ್‌ಪ್ಲಸ್’ ಪದಕ್ಕೆ ಎಲ್ಲ ಕಡೆಯೂ ‘ಹೆಚ್ಚುವರಿ’ ಎಂದು ಬರೆಯಬಹುದೇ?

ಪ್ರಶ್ನೆ: ಮಾನ್ಯರೇ, ಒಂದು ಸಂಸ್ಥೆಯ ವಾರ್ಷಿಕ ವರದಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸವನ್ನು ಒಪ್ಪಿಕೊಂಡಿದ್ದೇನೆ. ಅದರಲ್ಲಿ ‘ಸರ್‌ಪ್ಲಸ್’ ಎಂಬ ಪದ ಮೂರು ಕಡೆ ಬಂದಿದೆ. ಗೋದಾಮಿನಲ್ಲಿ ಮಾರಾಟವಾಗದೆ ಉಳಿದ ಸರಕಿಗೆ ಒಮ್ಮೆ, ವರ್ಷದ ಕೊನೆಗೆ ಖರ್ಚು ಕಳೆದು ಉಳಿದ ಹಣಕ್ಕೆ ಒಮ್ಮೆ, ಒಂದು ಶಾಖೆಯನ್ನು ಮುಚ್ಚಿದ್ದರಿಂದ ಕೆಲಸವಿಲ್ಲದೆ ಉಳಿದ ನೌಕರರಿಗೆ ಮತ್ತೊಮ್ಮೆ ಅದನ್ನು ಬಳಸಿದ್ದಾರೆ. ಮೂರಕ್ಕೂ ‘ಹೆಚ್ಚುವರಿ’ ಎಂದು ಬರೆದರೆ ತಪ್ಪಾಗುವುದೇ? ಈ ಪದ ಎಲ್ಲಿಂದ ಬಂತು, ಮೊದಲಿನಿಂದಲೂ ಸರಕಿಗೇ ಸಂಬಂಧಿಸಿತ್ತೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಕಾನೂನು ಮತ್ತು ವಾಣಿಜ್ಯ ಪತ್ರಗಳ ಅನುವಾದಕರು): ನಮಸ್ಕಾರ. ಮೂರಕ್ಕೂ ಒಂದೇ ಪದ ಬೇಡವೆಂಬುದು ನನ್ನ ಸಲಹೆ. ಅದಕ್ಕೆ ಕಾರಣ ಈ ಪದದ ಇತಿಹಾಸದಲ್ಲಿಯೇ ಸಿಗುತ್ತದೆ.

ಲ್ಯಾಟಿನ್ನಿನಲ್ಲಿ ‘ಸೂಪರ್’ ಎಂದರೆ ಮೇಲೆ, ‘ಪ್ಲಸ್’ ಎಂದರೆ ಇನ್ನಷ್ಟು. ಮಧ್ಯಯುಗದ ಲ್ಯಾಟಿನ್ನಿನಲ್ಲಿ ಇವೆರಡೂ ಕೂಡಿ ‘ಸೂಪರ್‌ಪ್ಲಸ್’ ಆಯಿತು. ಫ್ರೆಂಚರ ಬಾಯಲ್ಲಿ ಮೊದಲ ಭಾಗ ಸವೆದು ‘ಸುರ್’ ಆಯಿತು, ಹದಿನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಪದ ಇಂಗ್ಲಿಷಿಗೆ ಬಂದು ಸೇರಿತು. ಬಿಲ್ಲುಗಳಲ್ಲಿ ಕಾಣುವ ‘ಸರ್‌ಚಾರ್ಜ್’, ಅರ್ಜಿ ನಮೂನೆಗಳಲ್ಲಿ ಕೇಳುವ ‘ಸರ್‌ನೇಮ್’ ಇವುಗಳ ಮೊದಲಿಗೆ ಇರುವುದೂ ಇದೇ ‘ಸರ್’.

ಮೊದಲಿನಿಂದಲೂ ಸರಕಿಗೇ ಸಂಬಂಧಿಸಿತ್ತೇ ಎಂದು ಕೇಳಿದ್ದೀರಿ. ಇಲ್ಲ. ಇಂಗ್ಲಿಷಿನಲ್ಲಿ ಈ ಪದದ ತೀರ ಹಳೆಯ ಬಳಕೆಗಳಲ್ಲೊಂದು ಚಾಸರ್ ಕವಿ 1380ರ ದಶಕದಲ್ಲಿ ಬರೆದ ‘ಟ್ರಾಯ್ಲಸ್ ಮತ್ತು ಕ್ರಿಸೈಡ್’ ಕಾವ್ಯದಲ್ಲಿದೆ. ಟ್ರಾಯ್ ಯುದ್ಧದ ನಡುವೆ ಎರಡೂ ಪಕ್ಷಗಳು ಕದನವಿರಾಮ ಮಾಡಿಕೊಂಡು ಸೆರೆಯಾಳುಗಳನ್ನು ಪರಸ್ಪರ ಬದಲಾಯಿಸಿಕೊಳ್ಳಲು ಮಾತುಕತೆ ನಡೆಸುತ್ತವೆ. ಹಾಗೆ ಬದಲಾಯಿಸಿದ ಮೇಲೂ ಮಿಕ್ಕವರಿಗಾಗಿ ದೊಡ್ಡ ಮೊತ್ತದ ಹಣ ಕೊಡಬೇಕೆಂದು ಅಲ್ಲಿ ಹೇಳಿದೆ, ಆ ಮಿಕ್ಕವರಿಗೆ ಬಳಸಿರುವ ಪದವೇ ‘ಸರ್‌ಪ್ಲಸ್’. ಅವರು ಯಾರಿಗೂ ಬೇಡವಾದವರಲ್ಲ, ಒಂದಕ್ಕೊಂದು ಸರಿದೂಗಿಸುವ ಲೆಕ್ಕದಲ್ಲಿ ಉಳಿದವರು ಅಷ್ಟೇ. ಇದೇ ಕಾಲದಲ್ಲಿ ಹುಟ್ಟಿದ ‘ಓವರ್‌ಪ್ಲಸ್’ ಎಂಬ ಅರೆ ಅನುವಾದವೂ ಇಂಗ್ಲಿಷಿನಲ್ಲಿ ಬಹುಕಾಲ ಬಳಕೆಯಲ್ಲಿತ್ತು. 1611ರ ಬೈಬಲ್ ಅನುವಾದದಲ್ಲಿ, ಮಾರಿದ ಭೂಮಿಯನ್ನು ಬಿಡಿಸಿಕೊಳ್ಳುವವನು ಕಳೆದ ವರ್ಷಗಳನ್ನು ಲೆಕ್ಕ ಹಾಕಿ ಕೊಂಡವನಿಗೆ ಹಿಂದಿರುಗಿಸಬೇಕಾದ ಮಿಕ್ಕ ಮೊತ್ತಕ್ಕೆ ಆ ಪದವನ್ನೇ ಬಳಸಿದ್ದಾರೆ. ಇಲ್ಲಿಯೂ ಮೊದಲು ಒಂದು ಅಳತೆ ಇದೆ, ಆಮೇಲೆ ಅದನ್ನು ಮೀರಿದ್ದು ಇದೆ. ಆದ್ದರಿಂದ ‘ಸರ್‌ಪ್ಲಸ್’ ಎಂದು ಕಂಡ ಕೂಡಲೇ ಯಾವ ಅಳತೆಗಿಂತ ಹೆಚ್ಚು, ಆ ಅಳತೆಯನ್ನು ಇಟ್ಟವರು ಯಾರು ಎಂದು ಕೇಳಿಕೊಳ್ಳಬೇಕು. ಅದು ಗೊತ್ತಾದರೆ ಕನ್ನಡ ಪದ ತಾನಾಗಿಯೇ ಹೊಳೆಯುತ್ತದೆ.

ಬೇಡವಾದ ಸರಕು ಎಂಬ ಛಾಯೆ ಈ ಪದಕ್ಕೆ ಗಟ್ಟಿಯಾಗಿ ಅಂಟಿಕೊಂಡದ್ದು ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳಿಂದ ಎಂದು ನಾನು ತಿಳಿದಿದ್ದೇನೆ. ಅಮೆರಿಕವು ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1944ರಲ್ಲಿ, ಸೇನೆಗೆ ಬೇಡವಾಗಲಿರುವ ವಸ್ತುಗಳ ವಿಲೇವಾರಿಗಾಗಿ ‘ಸರ್‌ಪ್ಲಸ್ ಪ್ರಾಪರ್ಟಿ ಆಕ್ಟ್’ ಎಂಬ ಕಾಯಿದೆಯನ್ನು ಮಾಡಿತು. ಜೀಪು, ಡೇರೆ, ಬೂಟು, ಡಕೋಟಾ ವಿಮಾನ ಎಲ್ಲವೂ ಆಗ ಮಾರಾಟಕ್ಕೆ ಬಂದವು. ನಮ್ಮ ದೇಶದಲ್ಲಿ ಈ ವ್ಯವಹಾರಕ್ಕೆ ‘ಡಿಸ್ಪೋಸಲ್ಸ್’ ಎಂಬ ಹೆಸರು ಬಳಕೆಗೆ ಬಂತು, ಕೇಂದ್ರ ಸರ್ಕಾರದ ಖರೀದಿ ಮಹಾನಿರ್ದೇಶನಾಲಯದ ಹೆಸರಿನಲ್ಲಿ ಆ ಪದ 2017ರಲ್ಲಿ ಕಚೇರಿ ಮುಚ್ಚುವವರೆಗೂ ಉಳಿದಿತ್ತು.

ಇಲ್ಲಿ ಬೆಂಗಳೂರಿನ ಸಂಗತಿಯೊಂದನ್ನು ಹೇಳಲೇಬೇಕು. ಯುದ್ಧ ಮುಗಿದ ಮೇಲೆ ಲಿಬರೇಟರ್ ಎಂಬ ಭಾರಿ ಬಾಂಬರ್ ವಿಮಾನಗಳನ್ನು ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಅವುಗಳನ್ನು ಹಾರುವಷ್ಟರ ಮಟ್ಟಿಗೆ ಅಲ್ಲಿಯೇ ದುರಸ್ತಿ ಮಾಡಿ, ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಪೂರ್ತಿ ಸಜ್ಜುಗೊಳಿಸಿದರು. ಹೀಗೆ ಸುಮಾರು 40 ವಿಮಾನಗಳು 1948ರಿಂದ ವಾಯುಪಡೆಗೆ ಸೇರುತ್ತ ಹೋದವು, ಈ ಬಗೆಯ ವಿಮಾನಗಳು 1968ರವರೆಗೆ ಸೇವೆಯಲ್ಲಿದ್ದವು. ಇಂದು ಬ್ರಿಟನ್ ಮತ್ತು ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿ ನಿಂತಿರುವ ಲಿಬರೇಟರ್‌ಗಳಲ್ಲಿ ಕೆಲವು ಭಾರತದಿಂದಲೇ ಹೋದವು. ಬಿಟ್ಟುಹೋದವರ ಅಳತೆ ಬೇರೆ, ಎತ್ತಿಕೊಂಡವರ ಅಳತೆ ಬೇರೆ.

ಪ್ರಶ್ನೆ (ಮತ್ತೊಬ್ಬ ಸದಸ್ಯರು): 1960ರ ದಶಕದಲ್ಲಿ ಪಿಎಲ್ 480 ಎಂಬ ಅಮೆರಿಕನ್ ಕಾಯಿದೆಯಡಿ ಭಾರತಕ್ಕೆ ಬರುತ್ತಿದ್ದ ಗೋಧಿಯನ್ನೂ ‘ಸರ್‌ಪ್ಲಸ್’ ಎಂದೇ ಕರೆಯುತ್ತಿದ್ದರಲ್ಲವೇ? ಜಗತ್ತಿನಲ್ಲಿ ಹಸಿವಿರುವಾಗ ಗೋಧಿ ಹೆಚ್ಚುವರಿಯಾಗುವುದು ಹೇಗೆ ಎಂಬುದು ನನಗೆ ಅರ್ಥವಾಗಿಲ್ಲ.

ಉತ್ತರ: ಹೌದು, 1954ರ ಆ ಅಮೆರಿಕನ್ ಕಾಯಿದೆ ಅಲ್ಲಿನ ‘ಸರ್‌ಪ್ಲಸ್’ ಕೃಷಿ ಉತ್ಪನ್ನಗಳಿಗಾಗಿಯೇ ರೂಪುಗೊಂಡದ್ದು. ಅಲ್ಲಿನ ಸರ್ಕಾರ ರೈತರಿಗೆ ಬೆಂಬಲ ಬೆಲೆಯ ಭರವಸೆ ಕೊಟ್ಟಿತ್ತು. ಆ ಬೆಲೆಗೆ ಮಾರುಕಟ್ಟೆಯಲ್ಲಿ ಗಿರಾಕಿ ಸಿಗದಿದ್ದಾಗ ಸರ್ಕಾರವೇ ಕೊಂಡು ಕಣಜಗಳಲ್ಲಿ ತುಂಬಿಟ್ಟಿತು. ಅಂದರೆ ಆ ಗೋಧಿ ಹೆಚ್ಚುವರಿಯಾದದ್ದು ನಿಗದಿಯಾದ ಬೆಲೆಯ ಅಳತೆಯಲ್ಲಿ, ಹೊಟ್ಟೆಯ ಅಳತೆಯಲ್ಲಿ ಅಲ್ಲ.

ಮುಂದಿನ ಭಾಗ ಕನ್ನಡ ಓದುಗರಿಗೆ ಇನ್ನೂ ಹತ್ತಿರದ್ದು. ಭಾರತ ಆ ಗೋಧಿಯ ಬೆಲೆಯನ್ನು ರೂಪಾಯಿಯಲ್ಲಿ ಕೊಡಬಹುದಾಗಿತ್ತು. ಆ ರೂಪಾಯಿಗಳು ಅಮೆರಿಕದ ಖಾತೆಯಲ್ಲಿ ಇಲ್ಲಿಯೇ ಬೆಳೆಯುತ್ತ ಹೋಗಿ, ಕೊನೆಗೆ ಹಣವೂ ಅಗತ್ಯಕ್ಕಿಂತ ಹೆಚ್ಚಾಯಿತು. ಅದರ ಒಂದು ಸಣ್ಣ ಪಾಲಿನಿಂದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳುಹಿಸಿತು. ಅಲ್ಲಿನ ಗ್ರಂಥಾಲಯಗಳಲ್ಲಿ ಇಂದು ದೊರೆಯುವ ಆ ಕಾಲದ ಎಷ್ಟೋ ಕನ್ನಡ ಪುಸ್ತಕಗಳು ಗೋಧಿಯ ಹಣದಿಂದ ಸಮುದ್ರ ದಾಟಿದವು, ಅಲ್ಲಿ ಕನ್ನಡವನ್ನು ಅಭ್ಯಾಸ ಮಾಡಿದವರಿಗೆ ಅವು ಆಧಾರವಾದವು. ಉಳಿದ ಹಣದ ದೊಡ್ಡ ಭಾಗವನ್ನು, 1664 ಕೋಟಿ ರೂಪಾಯಿಯನ್ನು, ಅಮೆರಿಕ 1974ರಲ್ಲಿ ಚೆಕ್ ಮೂಲಕ ಭಾರತಕ್ಕೇ ಬಿಟ್ಟುಕೊಟ್ಟಿತು.

ಪ್ರಶ್ನೆ (ಮೊದಲ ಸದಸ್ಯರು): ಬಹಳ ಉಪಕಾರವಾಯಿತು, ಮಾನ್ಯರೇ. ಇನ್ನೊಂದು ಸಂದೇಹವಿದೆ. ಬೆಂಗಳೂರಿನ ಅಂಗಡಿಗಳಲ್ಲಿ ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಎಂದು ಮಾರುವ ಬಟ್ಟೆಯೂ ನನ್ನ ವರದಿಯಲ್ಲಿರುವ ಉಳಿದ ಸರಕೂ ಒಂದೇ ಬಗೆಯವೇ? ಹಾಗೆಯೇ ನನ್ನ ಮೂರು ವಾಕ್ಯಗಳಿಗೆ ತಾವು ಯಾವ ಪದಗಳನ್ನು ಸೂಚಿಸುತ್ತೀರಿ?

ಉತ್ತರ: ಒಂದೇ ಅಲ್ಲ. ವಿದೇಶದ ಆರ್ಡರ್ ಪೂರೈಸುವ ಗಾರ್ಮೆಂಟ್ಸ್ ಕಾರ್ಖಾನೆಯವರು ತಪಾಸಣೆಯಲ್ಲಿ ಕೆಲವು ಉಡುಪುಗಳು ತಿರಸ್ಕೃತವಾಗಬಹುದೆಂದು ಮೊದಲೇ ಸ್ವಲ್ಪ ಹೆಚ್ಚು ಹೊಲಿಸುತ್ತಾರೆ. ಆರ್ಡರ್ ಹೋದ ಮೇಲೆ ಉಳಿದ ದೋಷವಿಲ್ಲದ ಉಡುಪು ‘ಸರ್‌ಪ್ಲಸ್’, ದೋಷ ಕಂಡದ್ದು ‘ರಿಜೆಕ್ಟ್’ ಅಥವಾ ‘ಸೆಕೆಂಡ್ಸ್’. ಅಂಗಡಿಯ ಫಲಕ ಎರಡನ್ನೂ ಒಂದೇ ಹೆಸರಿನಲ್ಲಿ ಮಾರಬಹುದು, ಆದರೆ ಅನುವಾದದಲ್ಲಿ ಇವೆರಡನ್ನು ಬೆರೆಸಬಾರದು. ಬಹಳ ದಿನ ಗಿರಾಕಿಯೇ ಇಲ್ಲದೆ ಕುಳಿತದ್ದಕ್ಕೆ ವ್ಯಾಪಾರಿಗಳು ‘ಡೆಡ್ ಸ್ಟಾಕ್’ ಎನ್ನುತ್ತಾರೆ. ನಿಮ್ಮ ಗೋದಾಮಿನದು ಇವುಗಳಲ್ಲಿ ಯಾವುದೆಂದು ಸಂಸ್ಥೆಯವರನ್ನೇ ವಿಚಾರಿಸಿ. ಬರೀ ಮಾರಾಟವಾಗದ್ದಾದರೆ ‘ಮಾರಾಟವಾಗದೆ ಉಳಿದ ದಾಸ್ತಾನು’ ಎನ್ನಿ, ಬೇಡಿಕೆಗಿಂತ ಹೆಚ್ಚು ತರಿಸಿದ್ದಾದರೆ ‘ಅಗತ್ಯಕ್ಕಿಂತ ಹೆಚ್ಚಿನ ದಾಸ್ತಾನು’ ಎನ್ನಿ.

ಹಣದ ವಿಷಯ ಸುಲಭ. ‘ಖರ್ಚು ಕಳೆದು ಉಳಿದ ಆದಾಯ’ ಎಂದರೆ ಸಾಕು. ಮುಂಗಡಪತ್ರದ ಸಂದರ್ಭದಲ್ಲಿ ಪತ್ರಿಕೆಗಳು ಬಳಸುವ ‘ಮಿಗತೆ’, ‘ಉಳಿತಾಯ’ ಎಂಬ ಪದಗಳೂ ಒಪ್ಪುತ್ತವೆ.

ನೌಕರರ ವಾಕ್ಯದಲ್ಲಿ ಮಾತ್ರ ತುಂಬ ಎಚ್ಚರ ಬೇಕು. ಕನ್ನಡದಲ್ಲಿ ‘ಹೆಚ್ಚುವರಿ’ ಎಂಬುದು ‘ಇನ್ನೂ ಒಂದು’ ಎಂಬ ಅರ್ಥವನ್ನೂ ಹೊತ್ತಿದೆ. ಹೆಚ್ಚುವರಿ ಜಿಲ್ಲಾಧಿಕಾರಿ ಎಂದರೆ ಬೇಕೆಂದೇ ನೇಮಿಸಿದ ಅಧಿಕಾರಿ. ಶಾಲೆಯ ಹೆಚ್ಚುವರಿ ಶಿಕ್ಷಕರು ಎಂದರೆ ಮಕ್ಕಳ ಸಂಖ್ಯೆಯ ಲೆಕ್ಕದಲ್ಲಿ ಮಿಕ್ಕು, ಬೇರೆ ಊರಿಗೆ ಹೋಗಬೇಕಾಗಿ ಬರುವವರು. ಭೂಸುಧಾರಣಾ ಕಾಯಿದೆಯ ಹೆಚ್ಚುವರಿ ಜಮೀನು ಎಂದರೆ ಮಿತಿ ಮೀರಿದ್ದರಿಂದ ಸರ್ಕಾರಕ್ಕೆ ಒಪ್ಪಿಸಬೇಕಾದ ಜಮೀನು. ನಿಮ್ಮ ವರದಿಯಲ್ಲಿ ‘ಹೆಚ್ಚುವರಿ ನೌಕರರು’ ಎಂದು ಬರೆದರೆ ಹೊಸ ನೇಮಕ ನಡೆದಿದೆಯೆಂದೇ ಬಹುಮಂದಿ ಓದಿಕೊಳ್ಳುತ್ತಾರೆ. ಇನ್ನೊಂದು ಬದಿಯ ಅಪಾಯವೂ ಇದೆ. 1921ರ ಜನಗಣತಿಯ ನಂತರ ಬ್ರಿಟನ್ನಿನ ಪತ್ರಿಕೆಗಳು ಪುರುಷರಿಗಿಂತ ಸುಮಾರು 17 ಲಕ್ಷ ಹೆಚ್ಚಿದ್ದ ಮಹಿಳೆಯರನ್ನು ‘ಸರ್‌ಪ್ಲಸ್ ಮಹಿಳೆಯರು’ ಎಂದು ಕರೆದವು. ಮೊದಲ ಮಹಾಯುದ್ಧದಲ್ಲಿ ಗಂಡನನ್ನೋ ಮದುವೆಯಾಗಬೇಕಿದ್ದವನನ್ನೋ ಕಳೆದುಕೊಂಡವರನ್ನು ಉಳಿದ ಸರಕಿನಂತೆ ಎಣಿಸಿದ ಆ ಮಾತು ಅನ್ಯಾಯದ್ದು. ಅಂಥ ಎಣಿಕೆ ನಮ್ಮ ಅನುವಾದದಲ್ಲಿ ನುಸುಳಬಾರದು. ಆದ್ದರಿಂದ ಪದಕ್ಕೆ ಪದವಿಡುವುದನ್ನು ಬಿಟ್ಟು, ‘ಶಾಖೆ ಮುಚ್ಚಿದ್ದರಿಂದ ಹುದ್ದೆ ಇಲ್ಲದಂತಾದ ನೌಕರರು’ ಎಂದು ಕಾರಣವನ್ನೂ ಸೇರಿಸಿ ಬರೆಯಿರಿ. ವಾಕ್ಯ ಎರಡು ಪದ ಉದ್ದವಾದರೂ ಹುದ್ದೆ ಹೋದದ್ದು ಸಂಸ್ಥೆಯ ತೀರ್ಮಾನದಿಂದ ಎಂಬುದು ಓದುವವರಿಗೆ ಸ್ಪಷ್ಟವಾಗುತ್ತದೆ.