ಕೈಯಲ್ಲಿರುವ ಸೀಟು ಮತ್ತು ಮುಂದಿನ ಸುತ್ತು: ಹಾಸನ ಪೋಷಕರ ಗುಂಪಿನ ಪ್ರಶ್ನೋತ್ತರ

ನಿರ್ವಾಹಕರು: ಸಿಇಟಿ ಎಂಜಿನಿಯರಿಂಗ್ ಸೀಟುಗಳ ಮೊದಲ ಸುತ್ತಿನ ಹಂಚಿಕೆ ಪ್ರಕಟವಾಗಿದೆ. ಪಿಯು ಕಾಲೇಜಿನ ಪ್ರಾಂಶುಪಾಲರಾಗಿ ನಿವೃತ್ತರಾಗಿ, ಈಗ ಹಾಸನದಲ್ಲಿ ಪ್ರವೇಶ ಮಾರ್ಗದರ್ಶನ ನೀಡುತ್ತಿರುವ ಮೇಡಂ ಇಂದು ಸಂಜೆ ಇಲ್ಲಿ ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ದಾಖಲೆಗಳ ಚಿತ್ರಗಳನ್ನು ಗುಂಪಿನಲ್ಲಿ ಹಾಕಬೇಡಿ.

ಅರಸೀಕೆರೆಯ ಪೋಷಕರು: ನಮಸ್ಕಾರ ಮೇಡಂ. ಮಗ ಮುಂದಿನ ವರ್ಷ ದ್ವಿತೀಯ ಪಿಯು ಮುಗಿಸುತ್ತಾನೆ. ಸಿಇಟಿ ಒಂದೇ ಸಾಕೇ, ಕಾಮೆಡ್‌-ಕೆ ಕೂಡ ಬರೆಸಬೇಕೇ?

ಮೇಡಂ: ನಮಸ್ಕಾರ. ಎರಡೂ ಬೇರೆ ಬೇರೆ ದಾರಿಗಳು: ಸಿಇಟಿ ಸರ್ಕಾರದ ಪ್ರವೇಶ ಪರೀಕ್ಷೆ, ಕಾಮೆಡ್‌-ಕೆ ಖಾಸಗಿ ಕಾಲೇಜುಗಳ ಒಕ್ಕೂಟದ್ದು. ಒಂದಕ್ಕೆ ಹಾಕಿದ ಅರ್ಜಿ ಇನ್ನೊಂದಕ್ಕೆ ಸಲ್ಲುವುದಿಲ್ಲ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯು ಅಂಕಗಳಿಗೆ ಅರ್ಧ, ಪ್ರವೇಶ ಪರೀಕ್ಷೆಗೆ ಅರ್ಧ ತೂಕವಿದೆ. ಕಾಮೆಡ್‌-ಕೆಯಲ್ಲಿ ಪಿಯು ಅಂಕಗಳು ಅರ್ಹತೆಗೆ ಮಾತ್ರ ಬೇಕು, ರ‍್ಯಾಂಕು ಸಂಪೂರ್ಣವಾಗಿ 180 ಪ್ರಶ್ನೆಗಳ ಆ ಒಂದು ಪರೀಕ್ಷೆಯ ಮೇಲೆಯೇ ನಿಲ್ಲುತ್ತದೆ. ಆದ್ದರಿಂದ ಪಿಯುವಿನಲ್ಲಿ ಚೆನ್ನಾಗಿ ಅಂಕ ತೆಗೆಯುವ ಮಗುವಿಗೆ ಸಿಇಟಿ ಹೆಚ್ಚು ಅನುಕೂಲ. ಕಾಮೆಡ್‌-ಕೆ ಸೀಟಿನ ಶುಲ್ಕ ಸಿಇಟಿ ಸೀಟಿಗಿಂತ ಬಹಳ ಹೆಚ್ಚು. ಅದನ್ನು ಕಟ್ಟುವ ಶಕ್ತಿ ಇದೆಯೇ ಎಂಬುದನ್ನು ಪರೀಕ್ಷೆ ಬರೆಸುವ ಮೊದಲೇ ಮನೆಯಲ್ಲಿ ಕುಳಿತು ಮಾತಾಡಿಕೊಳ್ಳಿ. ನಿಮ್ಮ ಹುಡುಗ ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಯವರ ಸಹಿಯನ್ನು ಈಗಲೇ ಮಾಡಿಸಿಕೊಳ್ಳಿ.

ಬೇಲೂರಿನ ತಾಯಿ: ಮಗಳಿಗೆ ಆಪ್ಷನ್ ಪಟ್ಟಿಯಲ್ಲಿ (ಬೇಕಾದ ಕಾಲೇಜು, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದ ಪಟ್ಟಿ) ನಾಲ್ಕನೆಯದಾಗಿ ಕೊಟ್ಟಿದ್ದ ಸೀಟು ಬಂದಿದೆ. ಚಾಯ್ಸ್-1 ಒತ್ತಬೇಕೋ, ಚಾಯ್ಸ್-2 ಒತ್ತಬೇಕೋ ತಿಳಿಯುತ್ತಿಲ್ಲ.

ಮೇಡಂ: ಈ ಸೀಟೇ ಸಾಕೆಂದಾದರೆ ಚಾಯ್ಸ್-1: ಶುಲ್ಕ ಕಟ್ಟಿ, ಪ್ರವೇಶ ಆದೇಶ ಪಡೆದು, ಕಾಲೇಜಿಗೆ ಹಾಜರಾಗಬೇಕು, ಮುಂದಿನ ಸುತ್ತು ಇರುವುದಿಲ್ಲ. ಈ ಸೀಟನ್ನು ಹಿಡಿದುಕೊಂಡೇ ಮೇಲಿನ ಮೂರಕ್ಕಾಗಿ ಕಾಯುವುದಾದರೆ ಚಾಯ್ಸ್-2. ಆದರೆ ಮೇಲಿನದು ಸಿಕ್ಕ ಕ್ಷಣ ಈಗಿನದು ತಾನಾಗಿಯೇ ರದ್ದಾಗುತ್ತದೆ, ಮತ್ತೆ ಬೇಕೆಂದರೆ ಬರುವುದಿಲ್ಲ. ಆದ್ದರಿಂದ ಮೇಲಿನ ಮೂರರಲ್ಲಿ ನಿಜವಾಗಿ ಬೇಡವಾದದ್ದಿದ್ದರೆ, ಎರಡನೆಯ ಸುತ್ತಿಗೆ ಮೊದಲು ಪಟ್ಟಿಯನ್ನು ತಿದ್ದಲು ಅವಕಾಶ ಕೊಟ್ಟಾಗ ಅದನ್ನು ತೆಗೆದುಹಾಕಿ. ಚಾಯ್ಸ್-3 ಎಂದರೆ ಬಂದ ಸೀಟನ್ನು ತಿರಸ್ಕರಿಸಿ ಮುಂದೆ ಹೋಗುವುದು. ಚಾಯ್ಸ್-4 ಎಂದರೆ ಇಡೀ ಪ್ರಕ್ರಿಯೆಯಿಂದ ಹೊರಬರುವುದು.

ಹಾಸನ ನಗರದ ಸದಸ್ಯರು: ನನಗೆ ಬಂದ ಸಂದೇಶವನ್ನು ಎಲ್ಲರ ಉಪಯೋಗಕ್ಕೆ ಹಾಕುತ್ತಿದ್ದೇನೆ: “ಚಾಯ್ಸ್-3 ಒತ್ತಿದವರಿಗೆ ಕೈಯಲ್ಲಿ ಸೀಟು ಇಲ್ಲದ ಕಾರಣ ಎರಡನೆಯ ಸುತ್ತಿನಲ್ಲಿ ಮೊದಲ ಆದ್ಯತೆ. ಹತ್ತಕ್ಕಿಂತ ಹೆಚ್ಚು ಆಪ್ಷನ್ ಕೊಟ್ಟರೆ ರ‍್ಯಾಂಕಿನ ಬೆಲೆ ಇಳಿಯುತ್ತದೆ. ಎಲ್ಲರಿಗೂ ಕಳುಹಿಸಿ.”

ಮೇಡಂ: ಇದರಲ್ಲಿರುವ ಎರಡು ಮಾತುಗಳೂ ಸುಳ್ಳು. ಹಂಚಿಕೆ ನಡೆಯುವುದು ರ‍್ಯಾಂಕು, ಮೀಸಲಾತಿ ಮತ್ತು ನೀವು ಕೊಟ್ಟ ಆಪ್ಷನ್‌ಗಳ ಕ್ರಮ, ಈ ಮೂರರಿಂದ ಮಾತ್ರ. ಚಾಯ್ಸ್-3 ಒತ್ತಿದವರು ಚಾಯ್ಸ್-2 ಒತ್ತಿದವರಿಗಿಂತ ಒಂದು ಸ್ಥಾನವೂ ಮುಂದೆ ಹೋಗುವುದಿಲ್ಲ. ಕೈಯಲ್ಲಿದ್ದದ್ದನ್ನು ಕಳೆದುಕೊಳ್ಳುತ್ತಾರೆ, ಅಷ್ಟೇ. ಪಟ್ಟಿ ಎಷ್ಟು ಉದ್ದವಿದ್ದರೂ ಮೇಲಿನದು ಸಿಗದಿದ್ದಾಗ ಮಾತ್ರ ಕೆಳಗಿನದನ್ನು ನೋಡಲಾಗುತ್ತದೆ. ಮೊದಲ ಸ್ಥಾನದಲ್ಲಿ ದೊಡ್ಡ ಕಾಲೇಜನ್ನು ಬರೆದ ಮಾತ್ರಕ್ಕೆ ಹತ್ತನೆಯ ಸ್ಥಾನದ ಕಾಲೇಜು ಕೈತಪ್ಪುವುದಿಲ್ಲ. ಯಾರು ಬರೆದರೆಂದು ತಿಳಿಯದ ಇಂತಹ ಸಂದೇಶಗಳನ್ನು ಇಲ್ಲಿ ಹಾಕಬೇಡಿ.

ಹಾಸನ ನಗರದ ಸದಸ್ಯರು: ಒಳ್ಳೆಯ ಉದ್ದೇಶದಿಂದ ಹಾಕಿದ್ದೆ ಮೇಡಂ.

ಮೂಡಿಗೆರೆಯ ಬೆಳೆಗಾರರು: ಮಗನಿಗೆ ಬಿ.ಎಸ್‌ಸಿ. ಕೃಷಿ ಬೇಕು, ನಮ್ಮದು ಸಣ್ಣ ಕಾಫಿ ಹಿಡುವಳಿ. ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಗೆ ಅವನು ಹೋಗಿಲ್ಲ. ಪ್ರಮಾಣಪತ್ರ ಈಗ ಕೊಟ್ಟರೆ ಆಗುತ್ತದೆಯೇ?

ಮೇಡಂ: ಆಗುವುದಿಲ್ಲ. ಪ್ರಮಾಣಪತ್ರದ ಜೊತೆಗೆ ಆ ಪರೀಕ್ಷೆಯನ್ನೂ ಬರೆದವರಿಗಷ್ಟೇ ಆ ಕೋಟಾ. ಸಿಇಟಿಯಲ್ಲಿ ಜೀವಶಾಸ್ತ್ರ ಸೇರಿ ನಾಲ್ಕೂ ವಿಷಯ ಬರೆದು ಕೃಷಿ ರ‍್ಯಾಂಕು ಬಂದಿದ್ದರೆ ಉಳಿದ ಸೀಟುಗಳಿಗೆ ಸ್ಪರ್ಧಿಸಬಹುದು. ಹಾಸನದಲ್ಲೇ ಕೃಷಿ ಮತ್ತು ಪಶುವೈದ್ಯಕೀಯ ಕಾಲೇಜುಗಳಿವೆ, ನಿಮ್ಮೂರಿನಲ್ಲೇ ತೋಟಗಾರಿಕೆ ಕಾಲೇಜಿದೆ. ಪಟ್ಟಿಯಲ್ಲಿ ಇವುಗಳನ್ನು ಬಿಡಬೇಡಿ.

ಮೂಡಿಗೆರೆಯ ಬೆಳೆಗಾರರು: ತೋಟಗಾರಿಕೆ ಕಾಲೇಜಿನಲ್ಲಿ ಊರಿನವರಿಗೂ ಹಾಸ್ಟೆಲ್ ಕೊಡುತ್ತಾರೆಯೇ?

ಸಕಲೇಶಪುರದ ಸದಸ್ಯರು: ಮೇಡಂ, ಅಕ್ಕನ ಮಗಳ ವಿಷಯ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಯಲ್ಲಿ ಮೊಸಳೆಹೊಸಹಳ್ಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಬಂದಿದೆ. ಪರಿಚಯದ ಒಬ್ಬರು ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು (ಆಡಳಿತ ಮಂಡಳಿಯೇ ತುಂಬುವ ಸೀಟು) ಕೊಡಿಸುತ್ತಾರಂತೆ. ಅದಕ್ಕೆ ಈ ಸೀಟನ್ನು ಚಾಯ್ಸ್-3ರಲ್ಲಿ ಬಿಟ್ಟುಕೊಡಬೇಕು, ಮುಂಗಡವನ್ನು ನಗದಾಗಿ ಕೊಟ್ಟು ಮೂಲ ಅಂಕಪಟ್ಟಿಯನ್ನು ಒಪ್ಪಿಸಬೇಕು ಎನ್ನುತ್ತಾರೆ. ನಾಳೆ ಸಂಜೆಗೆ ಚಾಯ್ಸ್ ದಾಖಲಿಸುವ ಗಡುವು. ಅಕ್ಕ ಭಾವ ಇಬ್ಬರೂ ತೋಟದ ಕೆಲಸದವರು, ನಿರ್ಧಾರ ನನ್ನ ಮೇಲೆ ಬಿಟ್ಟಿದ್ದಾರೆ.

ಮೇಡಂ: ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇದಕ್ಕೆ ಉತ್ತರಿಸುತ್ತೇನೆ, ಗಮನವಿಟ್ಟು ಓದಿ. ಚಾಯ್ಸ್-3 ಒತ್ತಬೇಡಿ. ಆ ಹುಡುಗಿ ಹತ್ತು ವರ್ಷ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ್ದಕ್ಕೆ ಸರ್ಕಾರ ಕೊಟ್ಟಿರುವ ಹಕ್ಕು ಈ ಸೀಟಿನಲ್ಲಿದೆ. ಸಿಇಟಿಯಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಿದೆ. ಮ್ಯಾನೇಜ್‌ಮೆಂಟ್ ಸೀಟಿನಲ್ಲಾಗಲಿ ಕಾಮೆಡ್‌-ಕೆಯಲ್ಲಾಗಲಿ ಈ ಹಕ್ಕಿಗೆ ಬೆಲೆಯಿಲ್ಲ. ಅಲ್ಲಿ ಅವಳು ಹಣದಿಂದ ಅಥವಾ ಬೇರೊಂದು ರ‍್ಯಾಂಕಿನಿಂದ ಸ್ಪರ್ಧಿಸಬೇಕು. ತೋಟದ ಕೂಲಿಯಲ್ಲಿ ನಾಲ್ಕು ವರ್ಷ ಮ್ಯಾನೇಜ್‌ಮೆಂಟ್ ಶುಲ್ಕ ಕಟ್ಟುವುದು ಹೇಗೆ ಎಂದು ಆ ಪರಿಚಯದವರು ನಿಮಗೆ ಹೇಳಿದ್ದಾರೆಯೇ? ಮೊಸಳೆಹೊಸಹಳ್ಳಿಯ ಕಾಲೇಜೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೇ ಸೇರಿದ್ದು. ಬೆಂಗಳೂರಿನ ಬಹುತೇಕ ಖಾಸಗಿ ಕಾಲೇಜುಗಳು ಕೊಡಿಸುವುದೂ ಅದೇ ವಿಶ್ವವಿದ್ಯಾಲಯದ ಪದವಿಯನ್ನು.

ಇನ್ನೂ ಒಳ್ಳೆಯದು ಬೇಕೆಂಬ ಆಸೆ ತಪ್ಪಲ್ಲ. ಅದಕ್ಕೆ ಚಾಯ್ಸ್-2 ಇದೆ. ಅವಳ ಪಟ್ಟಿಯಲ್ಲಿ ಇದಕ್ಕಿಂತ ಮೇಲೆ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜೋ ಬೆಂಗಳೂರಿನ ಕಾಲೇಜೋ ಇದ್ದರೆ, ಈ ಸೀಟನ್ನು ಉಳಿಸಿಕೊಂಡೇ ಅವುಗಳಿಗೆ ಸ್ಪರ್ಧಿಸಬಹುದು. ಚಾಯ್ಸ್-2ಕ್ಕೂ ಶುಲ್ಕ ಕಟ್ಟಬೇಕೆಂದು ಅಧಿಸೂಚನೆಯಲ್ಲಿದ್ದರೆ ಗಡುವಿನೊಳಗೆ ಕಟ್ಟಿ, ಇಲ್ಲದಿದ್ದರೆ ಸೀಟು ಹೋಗುತ್ತದೆ. ಕುಟುಂಬದ ಆದಾಯ ಎಂಟು ಲಕ್ಷದೊಳಗಿರುವವರಿಗೆ ಬೋಧನಾ ಶುಲ್ಕದ ವಿನಾಯಿತಿ ಇರುವ ಎಸ್‌ಎನ್‌ಕ್ಯೂ ಸೀಟುಗಳೂ ಸಿಇಟಿಯಲ್ಲೇ ಇವೆ. ಆ ಆಪ್ಷನ್‌ಗಳನ್ನು ಅವಳು ಕೊಟ್ಟಿದ್ದಾಳೆಯೇ ಎಂದು ನೋಡಿ.

ಇನ್ನು ಮುಂಗಡದ ಮಾತು. ಮೂಲ ದಾಖಲೆಗಳನ್ನು ಕಾಲೇಜುಗಳೇ ಇಟ್ಟುಕೊಳ್ಳಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿಯೇ ಹೇಳಿರುವಾಗ ಮಧ್ಯವರ್ತಿಗೆ ಅವು ಏಕೆ ಬೇಕು? ರಶೀದಿಯಿಲ್ಲದೆ ಕೊಟ್ಟ ನಗದನ್ನು ಯಾವ ಕಾಲೇಜೂ ಒಪ್ಪಿಕೊಳ್ಳುವುದಿಲ್ಲ, ಹಿಂದಿರುಗಿಸುವುದೂ ಇಲ್ಲ. ಮಗುವಿನ ಸಿಇಟಿ ಸೀಟನ್ನು ಬಿಡಿಸಲು ಇಷ್ಟು ಅವಸರಪಡುವವರ ಲಾಭ ಎಲ್ಲಿದೆ ಎಂದು ಯೋಚಿಸಿ. 2024ರಲ್ಲಿ ಸೀಟ್ ಬ್ಲಾಕಿಂಗ್ (ಸೇರುವ ಉದ್ದೇಶವಿಲ್ಲದೆ ಸೀಟನ್ನು ಹಿಡಿದಿಟ್ಟುಕೊಳ್ಳುವುದು) ಕುರಿತು ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ಪೊಲೀಸರಿಗೆ ದೂರು ಕೊಡಬೇಕಾಗಿ ಬಂದದ್ದು ನಿಮಗೆ ನೆನಪಿರಬೇಕು.

ಹಾಸನ ನಗರದ ಸದಸ್ಯರು: ಒಂದು ಮಾತು ಕೇಳಬೇಕು. ಆ ಹುಡುಗಿಗಿಂತ ಮುಂದಿನ ರ‍್ಯಾಂಕಿರುವ ನನ್ನ ಮಗಳಿಗೆ ಅದೇ ಕಾಲೇಜಿನಲ್ಲಿ ಸೀಟು ಸಿಕ್ಕಿಲ್ಲ. ನಗರದಲ್ಲಿ ಹುಟ್ಟಿದ್ದು ಅಪರಾಧವೇ?

ಆಲೂರಿನ ಶಿಕ್ಷಕರು: ನಗರದಲ್ಲಿ ಕೋಚಿಂಗ್ ಮನೆಯ ಪಕ್ಕದಲ್ಲಿದೆ. ನಮ್ಮ ಮಕ್ಕಳು ಗಣಿತದ ಶಿಕ್ಷಕರಿಲ್ಲದೆ ಇಡೀ ವರ್ಷ ಕಳೆದದ್ದುಂಟು. ಶೇ 15 ಹೆಚ್ಚೇನೂ ಅಲ್ಲ.

ಹಾಸನ ನಗರದ ಸದಸ್ಯರು: ನಗರದಾಚೆ ಪಂಚಾಯಿತಿ ವ್ಯಾಪ್ತಿಯಲ್ಲಿ ದುಬಾರಿ ಶಾಲೆಗಳಿವೆ. ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಬರುವವರಿಗೂ ಗ್ರಾಮೀಣ ಪ್ರಮಾಣಪತ್ರ ಸಿಗುತ್ತದೆ. ನಗರದ ಸರ್ಕಾರಿ ಶಾಲೆಯಲ್ಲಿ ಓದಿದ ಬಡವರ ಮಗುವಿಗೆ ಸಿಗುವುದಿಲ್ಲ. ಇದು ನ್ಯಾಯವೇ ಶಿಕ್ಷಕರೇ?

ಆಲೂರಿನ ಶಿಕ್ಷಕರು: ಸಾಮಾನ್ಯ ವರ್ಗದವರು ಗ್ರಾಮೀಣ ಸೌಲಭ್ಯ ಕೇಳಿದರೆ ಕೆನೆಪದರಕ್ಕೆ (ಉಳ್ಳವರ ವರ್ಗಕ್ಕೆ) ಸೇರಿಲ್ಲವೆಂಬ ಪ್ರಮಾಣಪತ್ರವನ್ನೂ ಕೊಡಬೇಕು. ನಿಯಮ ಓದಿ ಮಾತಾಡಿ.

ಹಾಸನ ನಗರದ ಸದಸ್ಯರು: ಆ ಪ್ರಮಾಣಪತ್ರಗಳು ಹೇಗೆ ಸಿಗುತ್ತವೆಂದು ಎಲ್ಲರಿಗೂ ಗೊತ್ತು.

ಆಲೂರಿನ ಶಿಕ್ಷಕರು: ಗೊತ್ತಿದ್ದರೆ ದೂರು ಕೊಡಿ. ಸುಳ್ಳು ಸಂದೇಶ ಹರಡಿದವರಿಂದ ನಮಗೆ ನ್ಯಾಯದ ಪಾಠ ಬೇಕಿಲ್ಲ.

ಮೇಡಂ: ಇಬ್ಬರೂ ನಿಲ್ಲಿಸಿ. ಪಂಚಾಯಿತಿ ವ್ಯಾಪ್ತಿಯ ದುಬಾರಿ ಶಾಲೆಗಳ ಬಗೆಗಿನ ಆಕ್ಷೇಪದಲ್ಲಿ ಹುರುಳಿದೆ, ಆದರೆ ನಾಳೆಯ ಗಡುವಿಗೂ ಅದಕ್ಕೂ ಸಂಬಂಧವಿಲ್ಲ. ಸಕಲೇಶಪುರದವರು ನನ್ನ ಉತ್ತರ ಓದಿದರೋ ಇಲ್ಲವೋ ತಿಳಿಯದಷ್ಟು ಅದು ಮೇಲಕ್ಕೆ ಹೋಗಿದೆ.

ಚನ್ನರಾಯಪಟ್ಟಣದ ಪೋಷಕರು: ಚಾಯ್ಸ್-1 ಮತ್ತು ಚಾಯ್ಸ್-2ಕ್ಕೆ ಏನು ವ್ಯತ್ಯಾಸ ಮೇಡಂ?

ಮೇಡಂ: ಬೇಲೂರಿನ ತಾಯಿಗೆ ಬರೆದದ್ದನ್ನು ಓದಿ.

ಚಿಕ್ಕಮಗಳೂರಿನ ಪೋಷಕರು: ಮಗ ನೀಟ್ ಬರೆದಿದ್ದಾನೆ, ಸಿಇಟಿಗೆ ಅರ್ಜಿ ಹಾಕಿಲ್ಲ. ನೀಟ್ ರ‍್ಯಾಂಕಿನಿಂದ ನೇರವಾಗಿ ಚಿಕ್ಕಮಗಳೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಬಹುದಲ್ಲವೇ?

ಮೇಡಂ: ನೇರವಾಗಿ ಸೇರಲಾಗದು. ಸರ್ಕಾರಿ ಕಾಲೇಜಿನ ಶೇ 15 ಸೀಟುಗಳು ಅಖಿಲ ಭಾರತ ಕೋಟಾದಲ್ಲಿ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ) ಮೂಲಕ, ಉಳಿದವು ಪರೀಕ್ಷಾ ಪ್ರಾಧಿಕಾರದ ಮೂಲಕ ಹಂಚಿಕೆಯಾಗುತ್ತವೆ. ಎರಡರಲ್ಲೂ ಬೇರೆ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ನೀಟ್ ಅಭ್ಯರ್ಥಿಗಳಿಗಾಗಿ ಪ್ರಾಧಿಕಾರ ನೋಂದಣಿ ತೆರೆದಿದೆಯೇ ಎಂದು ಈಗಲೇ ಅದರ ಜಾಲತಾಣದಲ್ಲಿ ನೋಡಿ. ನಾಳೆಗೆ ಮುಂದೂಡಬೇಡಿ.

ಹೊಳೆನರಸೀಪುರದ ಸದಸ್ಯರು: ಬಿ.ಎಸ್‌ಸಿ. ನರ್ಸಿಂಗ್ ಬಗ್ಗೆ ಯಾರೂ ಉತ್ತರಿಸುತ್ತಿಲ್ಲ. ಎರಡನೆಯ ಬಾರಿ ಕೇಳುತ್ತಿದ್ದೇನೆ.

ಅರಕಲಗೂಡಿನ ಸದಸ್ಯರು: ಚಾಯ್ಸ್-3 ಒತ್ತಿದರೆ ಆದ್ಯತೆ ಸಿಗುತ್ತದೆಂದು ಇನ್ನೊಂದು ಗುಂಪಿನಲ್ಲಿ ಬಂದಿದೆ, ನಿಜವೇ?

ಮೇಡಂ: ಸುಳ್ಳು. ಮತ್ತೊಮ್ಮೆ ಕೇಳಬೇಡಿ.

ಸಕಲೇಶಪುರದ ಸದಸ್ಯರು: ಓದಿದೆ ಮೇಡಂ. ಚಾಯ್ಸ್-2 ಎಂದು ತೀರ್ಮಾನಿಸಿದ್ದೇವೆ. ಹಣ ಕೊಟ್ಟಿಲ್ಲ, ಮೂಲ ಅಂಕಪಟ್ಟಿ ಮನೆಯಲ್ಲೇ ಇದೆ. ಆದರೆ ಪಟ್ಟಿ ಪರಿಶೀಲಿಸುತ್ತೇನೆಂದು ಅವರು ಕೇಳಿದ್ದರಿಂದ ಅವಳ ಬಳಕೆದಾರರ ಐಡಿ ಮತ್ತು ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದೇವೆ.

ಮೇಡಂ: ಈ ಕ್ಷಣವೇ ಪಾಸ್‌ವರ್ಡ್ ಬದಲಾಯಿಸಿ. ಒಟಿಪಿ ಬರುವ ಮೊಬೈಲ್ ಸಂಖ್ಯೆ ಹುಡುಗಿಯದ್ದೋ ಅವಳ ತಂದೆಯದ್ದೋ ಆಗಿದೆಯೇ ಎಂದು ನೋಡಿ, ಬಂದ ಒಟಿಪಿಯನ್ನು ಯಾರಿಗೂ ಹೇಳಬೇಡಿ. ಒಳಗೆ ಹೋಗಿ ಯಾವ ಚಾಯ್ಸ್ ದಾಖಲಾಗಿದೆ, ಆಪ್ಷನ್ ಪಟ್ಟಿ ಬದಲಾಗಿದೆಯೇ ಎಂದು ಪರಿಶೀಲಿಸಿ. ಚಾಯ್ಸ್-2 ನೀವೇ ದಾಖಲಿಸಿ, ಅದರ ಪ್ರತಿಯನ್ನು ಮುದ್ರಿಸಿ ಇಟ್ಟುಕೊಳ್ಳಿ. ಒಳಗೆ ಹೋಗಲು ಆಗದಿದ್ದರೆ ಅಥವಾ ಚಾಯ್ಸ್-3 ಆಗಲೇ ದಾಖಲಾಗಿದ್ದರೆ, ಬೆಳಿಗ್ಗೆ ಪ್ರಾಧಿಕಾರದ ಸಹಾಯವಾಣಿಗೆ ಕರೆ ಮಾಡಿ, ಲಿಖಿತ ದೂರನ್ನೂ ಇ-ಮೇಲ್‌ನಲ್ಲಿ ಕಳುಹಿಸಿ, ನನಗೆ ನೇರವಾಗಿ ಫೋನ್ ಮಾಡಿ.